ಪರ-ವಿರೋಧ: ಮಾಜಿ ಸೈನಿಕರ ಪಿಂಚಣಿ ಪೂರ್ತಿ ಆನ್‌ಲೈನ್ ಆದದ್ದು ಒಳ್ಳೆಯದಾಯಿತೇ?

ಪರ: ನಮ್ಮ ಲೆಕ್ಕ ನಮ್ಮ ಕೈಗೆ ಬಂತು
(ನಿವೃತ್ತ ಹವಾಲ್ದಾರ್ ಕ್ಲರ್ಕ್, ಹಾಸನ)

‘ಪರ’ ಬರೆಯಿರಿ ಅಂತ ನನಗೆ ಕೇಳಿದರು. ಒಪ್ಪಿಕೊಂಡೆ. ಸ್ಪರ್ಶ್, ಅಂದರೆ ರಕ್ಷಣಾ ಸಚಿವಾಲಯದ ಈ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಲ್ಲಿ ಎಲ್ಲವೂ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಹಳೆಯ ಪದ್ಧತಿ ಹೇಗಿತ್ತು ಅನ್ನುವುದನ್ನು ನಮ್ಮವರು ಬೇಗ ಮರೆತುಬಿಟ್ಟರು.

ಆಗ ನಮ್ಮ ಪಿಂಚಣಿ ಆದೇಶ, ಅಂದರೆ ಪಿಪಿಒ, ಪ್ರಯಾಗ್‌ರಾಜ್‌ನ ಕಚೇರಿಯಲ್ಲಿ ತಯಾರಾಗುತ್ತಿತ್ತು. ಅಲ್ಲಿಂದ ಬ್ಯಾಂಕಿನ ಪಿಂಚಣಿ ಕೇಂದ್ರಕ್ಕೆ ಹೋಗುತ್ತಿತ್ತು. ದುಡ್ಡು ಹಾಕುವುದು ಬ್ಯಾಂಕು, ತುಟ್ಟಿಭತ್ಯೆ ಏರಿದರೆ ಲೆಕ್ಕ ಹಾಕುವುದೂ ಬ್ಯಾಂಕೇ. ನಾಯಕ್ ಎಂದರೆ ಯಾರು, ಹವಾಲ್ದಾರ್ ಎಂದರೆ ಯಾರು, ಗ್ರೂಪ್ ಯಾವುದು, ಸರ್ವಿಸ್ ಎಷ್ಟು ವರ್ಷ? ಕೌಂಟರಿನಲ್ಲಿ ಕೂತ ಹುಡುಗರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತದೆ? ‘ಒಂದು ರ‍್ಯಾಂಕ್, ಒಂದು ಪಿಂಚಣಿ’ (ಯಾವಾಗ ನಿವೃತ್ತರಾದರೂ ಒಂದೇ ದರ್ಜೆ, ಅಷ್ಟೇ ಸರ್ವಿಸ್ ಇದ್ದವರಿಗೆ ಒಂದೇ ಪಿಂಚಣಿ) 2014ರ ಜುಲೈ 1ರಿಂದ ಲೆಕ್ಕಕ್ಕೆ ಬಂದಾಗ ನನಗೆ ತಿಂಗಳಿಗೆ 1,100 ರೂಪಾಯಿ ಕಡಿಮೆ ಬರುತ್ತಿತ್ತು. ನಾನು ಕ್ಲರ್ಕ್ ಆಗಿದ್ದವನು, ಪಿಂಚಣಿ ದರದ ಟೇಬಲ್ ಓದಲು ಬರುತ್ತದೆ, ಹಾಗಾಗಿ ಗೊತ್ತಾಯಿತು. ಬ್ಯಾಂಕಿಗೆ 14 ತಿಂಗಳು ಅಲೆದೆ. “ಮೇಲಿನಿಂದ ಬಂದಿಲ್ಲ” ಅನ್ನುವುದೊಂದೇ ಉತ್ತರ. ಟೇಬಲ್ ಓದಲು ಬಾರದವರು ಎಷ್ಟು ಕಳೆದುಕೊಂಡಿರಬಹುದು?

ಈಗ ಪಿಂಚಣಿ ಮಂಜೂರು ಮಾಡುವ ಕಚೇರಿಯೇ ನೇರವಾಗಿ ಖಾತೆಗೆ ಹಾಕುತ್ತದೆ. ಮೂಲ ಪಿಂಚಣಿ ಎಷ್ಟು, ಭತ್ಯೆ ಎಷ್ಟು, ಕಡಿತ ಎಷ್ಟು, ಎಲ್ಲ ಕಣ್ಣೆದುರಿಗೆ ಇರುತ್ತದೆ. ‘ಒಂದು ರ‍್ಯಾಂಕ್, ಒಂದು ಪಿಂಚಣಿ’ಯಲ್ಲಿ ಐದು ವರ್ಷಕ್ಕೊಮ್ಮೆ ಪಿಂಚಣಿ ಪರಿಷ್ಕರಣೆ ಆಗಬೇಕು. 2019ರದ್ದು ಆಯಿತು, 2024ರದ್ದೂ ಆಯಿತು. ಈ ಹೊತ್ತಿಗೆ 30 ಲಕ್ಷಕ್ಕೂ ಹೆಚ್ಚು ಪಿಂಚಣಿದಾರರು ಒಂದೇ ಕಡೆ ಇದ್ದಾರೆ. ಇಷ್ಟು ಜನರ ಲೆಕ್ಕವನ್ನು ಹತ್ತಾರು ಬ್ಯಾಂಕುಗಳಿಗೆ ಹಂಚಿ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ವಯಸ್ಸಾದವರಿಗೆ ಕಷ್ಟ ಅನ್ನುತ್ತಾರೆ. ಎಟಿಎಂ ಬಂದಾಗಲೂ ಇದನ್ನೇ ಅಂದಿದ್ದೆವು, ಅಲ್ವಾ? ಮನೆಗೊಂದು ಮೊಬೈಲ್ ಇದೆ, ಮಕ್ಕಳು ಮೊಮ್ಮಕ್ಕಳು ಇದ್ದಾರೆ. 2021ರಿಂದ ಫೋನಿಗೆ ಮುಖ ತೋರಿಸಿಯೇ ಲೈಫ್ ಸರ್ಟಿಫಿಕೇಟ್, ಅಂದರೆ ಬದುಕಿದ್ದೇವೆ ಅನ್ನುವ ವಾರ್ಷಿಕ ದಾಖಲೆ, ಕೊಡಬಹುದು. ಪ್ರತಿ ನವೆಂಬರಿನಲ್ಲಿ ನಮ್ಮ ಮನೆ ಜಗಲಿಗೆ ಐದಾರು ಜನ ಬರುತ್ತಾರೆ. ನನ್ನ ಫೋನಿನಲ್ಲೇ ಮಾಡಿಕೊಡುತ್ತೇನೆ, ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಸಿಪಾಯಿ ನಿವೃತ್ತಿ ಆಗುವುದೇ 40ರ ಆಸುಪಾಸಿನಲ್ಲಿ. ಮುಂದೆ ಬರುವವರಿಗೆ ಇದು ಸಮಸ್ಯೆಯೇ ಅಲ್ಲ.

ವಿರೋಧ: ಅವ್ವನ ಒಟಿಪಿ ಅಪ್ಪನ ಫೋನಿಗೆ
(ಶಾಲಾ ಶಿಕ್ಷಕಿ, ಬೆಳಗಾವಿ ಜಿಲ್ಲೆ)

ನಮ್ಮಪ್ಪ 24 ವರ್ಷ ಸೇನೆಯಲ್ಲಿದ್ದರು. 2022ರ ಶ್ರಾವಣದಲ್ಲಿ ತೀರಿಕೊಂಡರು. ಮುಂದಿನ ತಿಂಗಳಿನಿಂದ ಅವರ ಪಿಂಚಣಿ ನಿಂತಿತು. ಅವ್ವನ ಕುಟುಂಬ ಪಿಂಚಣಿ ಶುರುವಾಗಲು 11 ತಿಂಗಳು ಹಿಡಿಯಿತು.

ಯಾಕೆ ಅಂತ ಹೇಳುತ್ತೇನೆ. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ‘ವ್ವ’ ಬರುತ್ತದೆ. ಕೆಲವರು ಅದನ್ನೇ ‘ಬಾಯಿ’ ಅಂತ ಬರೆಸುತ್ತಾರೆ. ಮನೆಯಲ್ಲಿ ಕರೆಯುವಾಗ ಎರಡೂ ಒಂದೇ. ಮದುವೆಯಾದ ಮೇಲೆ ಅಪ್ಪ ದಾಖಲೆಯಲ್ಲಿ ಬರೆಸಿದ ಹೆಸರಿಗೆ ‘ವ್ವ’ ಇದೆ. ಆಧಾರ್ ಮಾಡಿಸುವಾಗ ಬರೆದುಕೊಂಡವರು ‘ಬಾಯಿ’ ಮಾಡಿದ್ದಾರೆ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಹುಟ್ಟಿದ ತಾರೀಖೂ ಎರಡು ಕಡೆ ಎರಡು ಥರ. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು. 40 ವರ್ಷ ಸಂಸಾರ ಮಾಡಿದವಳು ತಾನೇ ಆ ಹೆಂಡತಿ ಅಂತ ಸಾಬೀತು ಮಾಡಬೇಕಾಯಿತು.

ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಅದಕ್ಕೆ ಸಹಿ, ಅದರ ಮೇಲೆ ಮೊಹರು. ಅಪ್ಪನ ಡಿಸ್ಚಾರ್ಜ್ ಬುಕ್ಕಿನ ಪ್ರತಿ. ಎಲ್ಲ ಸೇನೆಯ ರೆಕಾರ್ಡ್ ಆಫೀಸಿಗೆ ಹೋಗಬೇಕು, ಅಲ್ಲಿ ತಿದ್ದಿ ಮುಂದೆ ಕಳಿಸಬೇಕು. ಒಂದು ಸೇವಾ ಕೇಂದ್ರದವನು ಅರ್ಜಿ ತುಂಬಲು 500 ರೂಪಾಯಿ ತೆಗೆದುಕೊಂಡು ಖಾತೆ ನಂಬರನ್ನೇ ತಪ್ಪು ಹಾಕಿದ. ಮತ್ತೆ ಮೊದಲಿನಿಂದ ಶುರು.

ಇನ್ನು ಒಟಿಪಿ. ಅದು ಹೋಗುತ್ತಿದ್ದದ್ದು ಅಪ್ಪನ ನಂಬರಿಗೆ. ತೀರಿಕೊಂಡವರ ಫೋನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಹೇಳಿ? ನಮ್ಮ ತಮ್ಮ ಆ ಸಿಮ್ಮನ್ನು ಬಿಸಾಡಲಿಲ್ಲ, ಪುಣ್ಯ. ತಿಂಗಳು ತಿಂಗಳು ರೀಚಾರ್ಜ್ ಮಾಡಿಸಿದ. ಆ ಫೋನು ಟಣ್ ಅಂದಾಗಲೆಲ್ಲ ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಆ 11 ತಿಂಗಳು ಅವ್ವನಿಗೆ ನಾವಿದ್ದೆವು. ನನಗೆ ಸಂಬಳ ಇದೆ. ಮಕ್ಕಳಿಲ್ಲದವಳು, ಮಕ್ಕಳಿದ್ದೂ ನೋಡದವಳು ಏನು ತಿನ್ನಬೇಕು? “ಮನೆಗೊಂದು ಮೊಬೈಲ್ ಇದೆ” ಅನ್ನುವುದು ಸುಲಭ. ಪರದೆಯ ಮೇಲೆ ಭತ್ಯೆಯ ಲೆಕ್ಕ ನೋಡಬೇಕು ಅಂತ ಅವ್ವ ಯಾವತ್ತೂ ಕೇಳಿದವಳಲ್ಲ. ಒಂದನೇ ತಾರೀಖು ದುಡ್ಡು ಬಂದರೆ ಅವಳಿಗೆ ಸಾಕು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಆಸ್ಪತ್ರೆ ಕಾರ್ಡಿನಲ್ಲೂ ಅವಳು ಅಪ್ಪನ ಅವಲಂಬಿತೆ ಅಂತಲೇ ಇತ್ತು. ಅದನ್ನು ಅವಳ ಹೆಸರಿಗೆ ಮಾಡಿಸಲೂ ಅದೇ ಕುಟುಂಬ ಪಿಂಚಣಿ ಆದೇಶ ಬೇಕು. ಒಂದು ಕಾಗದ ನಿಂತರೆ ಎಲ್ಲವೂ ನಿಲ್ಲುತ್ತದೆ.

ಇದು ನಮ್ಮ ಮನೆಯೊಂದರ ಗೋಳಲ್ಲ. 2022ರ ಏಪ್ರಿಲ್ ಪಿಂಚಣಿ 58 ಸಾವಿರಕ್ಕೂ ಹೆಚ್ಚು ಜನರಿಗೆ ಹೊತ್ತಿಗೆ ಬರಲಿಲ್ಲ. ಅವರು ಬದುಕಿದ್ದಾರೆ ಅನ್ನುವ ವಾರ್ಷಿಕ ದಾಖಲೆ ಕಂಪ್ಯೂಟರಿನಲ್ಲಿ ಇರಲಿಲ್ಲ, ಅಷ್ಟೇ. ಗದ್ದಲ ಆದ ಮೇಲೆ ಮೇ 4ರಂದು ರಕ್ಷಣಾ ಸಚಿವಾಲಯ ಒಂದು ಸಲದ ವಿನಾಯಿತಿ ಕೊಟ್ಟು ದುಡ್ಡು ಹಾಕಿಸಿತು. ಮೊದಲು ದುಡ್ಡು ಕೊಟ್ಟು ಆಮೇಲೆ ದಾಖಲೆ ಕೇಳಲು ಬರುತ್ತದೆ ಅಂತ ಅವತ್ತೇ ಗೊತ್ತಾಯಿತಲ್ಲ. ಹಾಗಿದ್ದರೆ ವಿಧವೆಯರಿಗೆ ಯಾವಾಗಲೂ ಹಾಗೇ ಮಾಡಿ. ಗಂಡನ ಮರಣ ಪತ್ರ ಕೊಟ್ಟ ಮರುತಿಂಗಳೇ ಕನಿಷ್ಠ ಕುಟುಂಬ ಪಿಂಚಣಿ 9,000 ರೂಪಾಯಿ ಹಾಕಿ. ಹೆಸರಿನ ‘ವ್ವ’, ‘ಬಾಯಿ’ ಆಮೇಲೆ ನಿಧಾನಕ್ಕೆ ತಿದ್ದಿಕೊಳ್ಳಿ.

ಇನ್ನೊಂದು ಬೇಡಿಕೆ. ತಾಲ್ಲೂಕಿಗೊಬ್ಬರು ಮನುಷ್ಯರನ್ನು ಕೂರಿಸಿ. ಸೈನಿಕ ಕಲ್ಯಾಣ ಕಚೇರಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ನಮ್ಮದು ವಿಸ್ತೀರ್ಣದಲ್ಲಿ ರಾಜ್ಯದಲ್ಲೇ ದೊಡ್ಡ ಜಿಲ್ಲೆ. ಅಥಣಿಯಿಂದ ಬೆಳಗಾವಿಗೆ 100 ಕಿ.ಮೀ. ಮೇಲಾಗುತ್ತದೆ. ಮೊಣಕಾಲು ನೋವಿನವರು ಎರಡು ಬಸ್ಸು ಬದಲಿಸಿ ಬಂದು, ಒಂದು ಸಹಿಗೆ ನಿಂತು, ಸಂಜೆ ಮತ್ತೆ ಎರಡು ಬಸ್ಸು ಹತ್ತಬೇಕು. 75 ದಾಟಿದವರ ಮನೆಗೆ ವರ್ಷಕ್ಕೊಂದು ಸಲ ಯಾರಾದರೂ ಬರಲಿ. ಪೋಸ್ಟ್‌ಮನ್ ಬರುವುದಿಲ್ಲವೇ?

ನನ್ನ ಸೋದರತ್ತೆಯೂ ಸೈನಿಕನ ವಿಧವೆ. ಅವಳ ಕಾಲದಲ್ಲಿ ನವೆಂಬರ್ ಬಂದರೆ ಊರಿನ ಬ್ಯಾಂಕಿಗೆ ಹೋಗುತ್ತಿದ್ದಳು. ಅಲ್ಲಿನ ಸಾಹೇಬರು ತಲೆಯೆತ್ತಿ ನೋಡಿ “ಏನವ್ವಾ, ಆರಾಮ ಇದ್ದೀ?” ಅಂತ ಕೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಬದುಕಿದ್ದಾಳೆ ಅನ್ನುವುದಕ್ಕೆ ಅಷ್ಟು ಸಾಕಿತ್ತು.

ಅವ್ವನ ಹೆಬ್ಬೆಟ್ಟು ಈಗ ಯಂತ್ರಕ್ಕೆ ಹಿಡಿಸುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ದುಡಿದ ಕೈ, ಗೆರೆಗಳೆಲ್ಲ ಸವೆದಿವೆ. ಮುಖ ತೋರಿಸಿ ಅಂದರೆ ಕಣ್ಣು ಮಿಟುಕಿಸಬೇಕು. ಪೊರೆ ತೆಗೆಸಿದ ಕಣ್ಣು, ಫೋನು ಹೇಳಿದ ಹೊತ್ತಿಗೆ ಮಿಟುಕುವುದಿಲ್ಲ. ಹಾಗಾಗಿ ನವೆಂಬರಿನಲ್ಲಿ ಸೇವಾ ಕೇಂದ್ರಕ್ಕೆ ಹೋಗುವ ಹಿಂದಿನ ರಾತ್ರಿ ಅವಳು ಬಿಸಿನೀರಿನಲ್ಲಿ ಕೈ ತೊಳೆದು, ಹತ್ತೂ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಮಲಗುತ್ತಾಳೆ.