ನಾರ್ವೆಯ ಪ್ರತಿನಿಧಿ ಬಾತ್‌ರೂಮಿಗೆ ಹೋಗಬಹುದೇ?

ಮಂಗಳೂರಿನ ಶಾಲೆಗಳಿಗೆ ಈಗ ವಿಶ್ವಸಂಸ್ಥೆ ಬಂದು ಇಳಿದಿದೆ. ನ್ಯೂಯಾರ್ಕಿನಿಂದ ಬಜ್ಪೆಗೆ ನೇರ ವಿಮಾನ ಇಲ್ಲದಿದ್ದರೂ ಹೇಗೋ ಬಂತು. ಮಕ್ಕಳು ಕೋಟು ಹಾಕಿ, ಟೈ ಬಿಗಿದು, ಎದುರಿಗೆ ಒಂದೊಂದು ದೇಶದ ಬೋರ್ಡ್ ಇಟ್ಟುಕೊಂಡು ಕೂರುತ್ತಾರೆ. ಯುದ್ಧ ನಿಲ್ಲಿಸುತ್ತಾರೆ. ಹಸಿವು ನೀಗಿಸುತ್ತಾರೆ. ಆಮೇಲೆ ಊಟಕ್ಕೆ ಏಳುತ್ತಾರೆ. ಇದಕ್ಕೆ ಮಾಡೆಲ್ ಯುನೈಟೆಡ್ ನೇಶನ್ಸ್ ಎಂದು ಹೆಸರು. ರಿಜಿಸ್ಟ್ರೇಶನ್ ಫೀಸು ಬೇರೆ ಉಂಟು.

ಕ್ರೂರವಾಗಿ, ಅಮಾನವೀಯವಾಗಿ ಯಾರನ್ನೂ ನಡೆಸಿಕೊಳ್ಳಬಾರದು ಎಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 5ನೇ ವಿಧಿ ಹೇಳುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಮಕ್ಕಳಿಗೆ ಕೋಟು ಹಾಕಿಸುವುದನ್ನೂ ಅದರಲ್ಲಿ ಸೇರಿಸಬಹುದಿತ್ತು. ಆದರೆ ಆ ಘೋಷಣೆಯನ್ನು ಒಪ್ಪಿಕೊಂಡವರು 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನ ಚಳಿಯಲ್ಲಿ ಕೂತಿದ್ದರು. ಪಾಪ, ಅವರಿಗೆ ಹೊಳೆಯಲಿಲ್ಲ.

ನಮ್ಮ ಪಕ್ಕದ ಮನೆಯ ಹುಡುಗಿ ಈ ಸಲ ನಾರ್ವೆ ಆಗಿದ್ದಳು. ಎಂಟನೇ ಕ್ಲಾಸು. "ನಾರ್ವೆಗೆ ಎಂತ ಕೆಲಸ?" ಎಂದು ಕೇಳಿದೆ. "ಮಕ್ಕಳ ಹಕ್ಕುಗಳ ಬಗ್ಗೆ ಕಳವಳ ವ್ಯಕ್ತಪಡಿಸುವುದು ಅಂಕಲ್. ಇಂಡೋನೇಷ್ಯಾ ಸಪೋರ್ಟ್ ಮಾಡ್ತದೆ, ಮಾತಾಡಿಯಾಗಿದೆ" ಎಂದಳು. ಆ ಸಭೆಯಲ್ಲಿ ಒಂದು ಒಳ್ಳೆಯ ನಿಯಮ ಉಂಟಂತೆ. ಯಾವ ದೇಶಕ್ಕಾದರೂ ಮೈಕ್ ಕೇಳದಿದ್ದರೆ, ಸೆಕೆಯಾದರೆ, ಒಟ್ಟಾರೆ ತೊಂದರೆಯಾದರೆ ಬೋರ್ಡ್ ಎತ್ತಿ 'ಪಾಯಿಂಟ್ ಆಫ್ ಪರ್ಸನಲ್ ಪ್ರಿವಿಲೇಜ್' ಅನ್ನಬಹುದು. ಅಧ್ಯಕ್ಷರು ಕೂಡಲೇ ಕಿವಿಗೊಡಬೇಕು. ನಾರ್ವೆ ಬೋರ್ಡ್ ಎತ್ತಿತು, ಫ್ಯಾನ್ ತಿರುಗಿತು. ಹುಡುಗಿಗೆ ಖುಷಿಯೋ ಖುಷಿ.

ಮರುದಿನ ಗಣಿತದ ಪೀರಿಯಡ್ಡಿನಲ್ಲಿ ಆಕೆ ಎದ್ದು ನಿಂತು ಬಾತ್‌ರೂಮಿಗೆ ಹೋಗಬೇಕು ಎಂದಳು. "ಇಂಟರ್‌ವಲ್‌ನಲ್ಲಿ ಎಂತ ಮಾಡ್ತಿದ್ದೆ? ಕೂತ್ಕೋ" ಎಂಬ ಉತ್ತರ ಬಂತು. ನಾರ್ವೆ ಕೂತಿತು.

ಟೀಚರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರಿಗೆ ಐವತ್ತು ಮಕ್ಕಳು, ಮುಗಿಯದ ಪೋರ್ಶನ್, ಸಂಜೆಗೆ ಮೀಟಿಂಗ್. ಅವರನ್ನು ಬಾತ್‌ರೂಮಿಗೆ ಬಿಡುವವರು ಯಾರು ಅಂತ ಯಾವ ವಿಶ್ವಸಂಸ್ಥೆಯೂ ಕೇಳಿಲ್ಲ. ನಾನು ಹೇಳುವುದು ಬೇರೆ. ನಮ್ಮ ಶಾಲೆಗಳು ಹಕ್ಕುಗಳನ್ನು ಕಲಿಸುವುದಕ್ಕೆ ಒಂದು ಸೂತ್ರ ಕಂಡುಹಿಡಿದಿವೆ. ಹಕ್ಕು ಎಷ್ಟು ದೂರದಲ್ಲಿದೆಯೋ ಅಷ್ಟು ಜಾಸ್ತಿ ಮಾರ್ಕು. ಘೋಷಣೆಯಲ್ಲಿ ಎಷ್ಟು ವಿಧಿಗಳಿವೆ? ಮೂವತ್ತು. ಎರಡು ಮಾರ್ಕು. ಅದನ್ನು ಬರೆದ ಆಯೋಗದ ಅಧ್ಯಕ್ಷೆ ಯಾರು? ಎಲಿನಾರ್ ರೂಸ್‌ವೆಲ್ಟ್. ಚಾರ್ಟಿನ ನಡುವೆ ಅವರ ಫೋಟೋ. ಅದೇ ಆಯೋಗದಲ್ಲಿ ಭಾರತದ ಪರವಾಗಿ ಕೂತಿದ್ದ ಹಂಸಾ ಮೆಹ್ತಾ ಅವರಿಗೆ ಚಾರ್ಟಿನಲ್ಲಿ ಜಾಗ ಸಾಕಾಗಲಿಲ್ಲ. ಗುಜರಾತು ತೀರಾ ಹತ್ತಿರವಾಯಿತು, ಅಲ್ವಾ? ಇನ್ನು ನಮ್ಮದೇ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್. ಮಗುವಿಗೆ ಹೊಡೆಯುವಂತಿಲ್ಲ, ಮಾನಸಿಕ ಕಿರುಕುಳ ಕೊಡುವಂತಿಲ್ಲ ಎಂದು ಅದು ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಸಿಲೆಬಸ್ಸಿನಲ್ಲಿ ಇಲ್ಲ. ಇದ್ದರೆ ಮಕ್ಕಳು ಓದಿಬಿಡುತ್ತಾರೆ.

ಡಿಸೆಂಬರ್ 10ರ ಕಾರ್ಯಕ್ರಮಕ್ಕೆ ಬನ್ನಿ. ಬರುವುದು ಕಡ್ಡಾಯ ಎಂದು ಹೆತ್ತವರ ವಾಟ್ಸಾಪ್ ಗ್ರೂಪಿಗೆ ಮೊದಲೇ ಬಂದಿತ್ತು. ಬಾರದವರಿಗೆ ದಂಡ. ಗ್ರೌಂಡಿನಲ್ಲಿ ಸಾಲಾಗಿ ನಿಂತ ಮಕ್ಕಳು, ನೆತ್ತಿಗೆ ಬಿಸಿಲು. ಮುಖ್ಯ ಅತಿಥಿಗಳು ಪಂಪ್‌ವೆಲ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಮೈಕಿನಲ್ಲಿ ಮೂರು ಸಲ ಹೇಳಿದರು. ಅಷ್ಟರಲ್ಲಿ ಇಬ್ಬರು ತಲೆಸುತ್ತಿ ಬಿದ್ದರು. ಅವರಿಗೆ ಗ್ಲೂಕೋಸ್ ಕೊಟ್ಟರು. ಹಾಗೆ 3ನೇ ವಿಧಿ, ಅಂದರೆ ಜೀವಿಸುವ ಹಕ್ಕು, ಪ್ರಾಯೋಗಿಕವಾಗಿಯೇ ಮುಗಿಯಿತು. ಕೊನೆಗೂ ಅತಿಥಿಗಳು ಬಂದರು. ಶಾಲು, ಹಾರ, ಪೇಟ ಎಲ್ಲ ಆಯಿತು. "ಮಕ್ಕಳೇ, ಈಗಿನ ಕಾಲದಲ್ಲಿ ಎಲ್ಲರೂ ಹಕ್ಕು ಹಕ್ಕು ಅಂತ ಬೊಬ್ಬೆ ಹಾಕುತ್ತಾರೆ. ಕರ್ತವ್ಯದ ಬಗ್ಗೆ ಯಾರೂ ಮಾತಾಡುವುದಿಲ್ಲ" ಎಂದು ಶುರು ಮಾಡಿದರು. ಮಾನವ ಹಕ್ಕುಗಳ ದಿನಕ್ಕೆ ಕರೆಸಿದವರೆಲ್ಲ ಇದನ್ನೇ ಹೇಳುತ್ತಾರೆ. ದಂತ ಆರೋಗ್ಯದ ಕ್ಯಾಂಪಿಗೆ ಬಂದು ಹಲ್ಲಿಗಿಂತ ಮೂಗು ಮುಖ್ಯ ಅನ್ನುವವರನ್ನು ನಾನು ಇನ್ನೂ ಕಂಡಿಲ್ಲ.

ಅಂದ ಹಾಗೆ, ವೇದಿಕೆಯ ಹಿಂದಿನ ದೊಡ್ಡ ಬ್ಯಾನರ್ ಬಹಳ ಚೆಂದ ಇತ್ತು. ಭೂಮಿಯ ಗೋಳ, ಸುತ್ತ ಕೈ ಹಿಡಿದ ಬಣ್ಣ ಬಣ್ಣದ ಮಕ್ಕಳು, ಕೆಳಗೆ 'ವಿ ಆರ್ ಗ್ಲೋಬಲ್ ಸಿಟಿಜನ್ಸ್'. ದುಡ್ಡು ಎಲ್ಲಿಂದ ಬಂತು ಎಂದು ವಿಚಾರಿಸಿದೆ. ಕ್ಲಾಸಿನಲ್ಲಿ ತುಳು ಮಾತಾಡಿದವರ ದಂಡದ ಡಬ್ಬಿಯಿಂದ. ಒಂದು ವಾಕ್ಯಕ್ಕೆ ಹತ್ತು ರೂಪಾಯಿ. ಕನ್ನಡಕ್ಕೂ ಅಷ್ಟೇ ರೇಟು, ಆ ವಿಷಯದಲ್ಲಿ ಸಮಾನತೆ ಇದೆ.

ನೋಡಿ, ಈ ಊರಿನ ಮಗು ಮನೆಯಲ್ಲಿ ತುಳು ಆಡುತ್ತದೆ. ಮೀನಿನ ಮಾರ್ಕೆಟ್ಟಿನಲ್ಲಿ ಬ್ಯಾರಿ ಕೇಳುತ್ತದೆ. ಪಕ್ಕದ ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ. ಐದು ವರ್ಷಕ್ಕೇ ನಾಲ್ಕೈದು ಭಾಷೆಯಲ್ಲಿ ಜಗಳ ಮಾಡಿ ರಾಜಿಯೂ ಆಗುತ್ತದೆ. ಅಂಥ ಮಗುವನ್ನು ಶಾಲೆಗೆ ತಂದು, ಒಂದೇ ಭಾಷೆಗೆ ಇಳಿಸಿ, ಆಮೇಲೆ ವಿಶ್ವ ಪ್ರಜೆ ಎಂದು ಸರ್ಟಿಫಿಕೇಟ್ ಕೊಡುತ್ತೇವೆ. ಮಗುವಿನ ಸ್ವಂತ ಭಾಷೆಗೆ ಗೌರವ ಕೊಡುವುದನ್ನೂ ಶಿಕ್ಷಣ ಕಲಿಸಬೇಕು ಎಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿ ಹೇಳುತ್ತದೆ. 1989ರ ಒಡಂಬಡಿಕೆ, ಭಾರತ 1992ರಲ್ಲಿ ಒಪ್ಪಿಕೊಂಡದ್ದು. ನಾರ್ವೆ ತನ್ನ ಭಾಷಣದಲ್ಲಿ ಆ ವಿಧಿಯನ್ನು ಓದಿತಂತೆ. ಇಂಗ್ಲಿಷಿನಲ್ಲಿ ಓದಿದ್ದರಿಂದ ದಂಡ ಬೀಳಲಿಲ್ಲ.

ಈ ಹಕ್ಕುಗಳ ಸಪ್ತಾಹದ ಸಮಾರೋಪ ಟೌನ್‌ಹಾಲಿನಲ್ಲಿ. ಅಂದಿನ ವಿಷಯ ದಕ್ಷಿಣ ಆಫ್ರಿಕಾದ ವರ್ಣಭೇದ. ಮಕ್ಕಳು ಚೆನ್ನಾಗಿಯೇ ತಯಾರಿ ಮಾಡಿದ್ದರು. ಮಂಡೇಲಾ ಎಷ್ಟು ವರ್ಷ ಜೈಲಿನಲ್ಲಿದ್ದರು ಎಂಬುದಕ್ಕೆ ಇಪ್ಪತ್ತೇಳು ಎಂದು ಇಡೀ ಹಾಲ್ ಒಟ್ಟಿಗೆ ಕೂಗಿತು. ಆ ಹಾಲ್‌ನ ಹೆಸರು ಕುದ್ಮುಲ್ ರಂಗರಾವ್ ಪುರಭವನ. ರಂಗರಾಯರು 1892ರಲ್ಲಿ, ಇದೇ ಊರಿನಲ್ಲಿ, ದಲಿತ ಮಕ್ಕಳಿಗೆ ಶಾಲೆ ತೆರೆದರು. ಅದಕ್ಕಾಗಿ ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ತಾನು ಓದಿಸಿದ ಮಗು ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ ಎಂದವರು ಅವರು. ಪ್ಯಾರಿಸ್ಸಿನ ಘೋಷಣೆಗೆ ಇನ್ನೂ ಐವತ್ತಾರು ವರ್ಷ ಇತ್ತು. ಧನ್ಯವಾದ ಹೇಳುವಾಗ ಮೈಕಿನವರು, ಪೆಂಡಾಲಿನವರು, ಕೇಟರಿಂಗ್‌ನವರು ಎಲ್ಲರ ಹೆಸರೂ ಬಂತು. ರಂಗರಾಯರು ಹೊರಗೆ ಬೋರ್ಡಿನಲ್ಲಿದ್ದರು.

ಕೇಪ್‌ಟೌನಿನಲ್ಲಿ ಕಪ್ಪು ಜನರಿಗೆ ಬೇರೆ ಬೆಂಚು ಇತ್ತು ಎಂದು ಕೇಳಿ ಮಕ್ಕಳು ಛೇ ಛೇ ಅಂದರು. ಒಳ್ಳೆಯದೇ. ಆದರೆ ಇದೇ ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಕೊರಗ ಬುಡಕಟ್ಟಿನವರಿಗೆ ಕೂದಲು, ಉಗುರು ಬೆರೆಸಿದ ಅನ್ನ ಕೊಟ್ಟು, ಮನೆಯ ರೋಗ ಅವರಿಗೆ ದಾಟಲಿ ಎಂದು ತಿನ್ನಿಸುವ ಪದ್ಧತಿ ಇತ್ತು. ಅದರ ಹೆಸರು ಅಜಲು. ಅದನ್ನು ನಿಷೇಧಿಸಲು ಕರ್ನಾಟಕ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ರಾಜರ ಕಾಲದ ಕಥೆ ಅಂದುಕೊಳ್ಳಬೇಡಿ. ಕಾಯ್ದೆ ಬಂದದ್ದು 2000ದಲ್ಲಿ. ಮಕ್ಕಳ ಅಪ್ಪ ಅಮ್ಮಂದಿರು ಆಗ ಕಾಲೇಜಿಗೆ ಹೋಗುತ್ತಿದ್ದರು. ಕ್ವಿಜ್‌ನಲ್ಲಿ ಇದು ಯಾಕಿಲ್ಲ ಎಂದು ಸಂಘಟಕರನ್ನು ಕೇಳಿದೆ. "ಅದೆಲ್ಲ ಲೋಕಲ್ ಅಲ್ವಾ, ಇದು ಗ್ಲೋಬಲ್ ಪ್ರೋಗ್ರಾಂ" ಎಂದರು. ಅವರ ಮಾತಿನಲ್ಲೂ ಲಾಜಿಕ್ ಇದೆ. ಮಂಗಳೂರು ಭೂಗೋಳದ ಯಾವ ಭಾಗದಲ್ಲಿದೆ ಎಂದು ಮಾತ್ರ ನಾನು ಕೇಳಲಿಲ್ಲ.

ಸಮಾರೋಪ ಮುಗಿದ ಮೇಲೆ ಒಂದು ಸಣ್ಣ ರಾಜತಾಂತ್ರಿಕ ಬಿಕ್ಕಟ್ಟು ಆಯಿತು. ಶಾಂತಿಯುತವಾಗಿ ಒಟ್ಟು ಸೇರುವ ಹಕ್ಕಿನ ಬಗ್ಗೆ ಠರಾವು ಪಾಸಾಗಿತ್ತು. ಅದೇ ಖುಷಿಯಲ್ಲಿ ನಾಲ್ಕೈದು ದೇಶಗಳು ಗಡ್‌ಬಡ್ ತಿನ್ನಲು ಐಸ್‌ಕ್ರೀಮ್ ಅಂಗಡಿಗೆ ಹೋದವು. ನಾರ್ವೆ ಹುಡುಗಿ, ಇಂಡೋನೇಷ್ಯಾ ಹುಡುಗ. ಮನೆಯಲ್ಲಿ ದೇವರು ಬೇರೆ ಬೇರೆ. ಹತ್ತು ನಿಮಿಷದಲ್ಲಿ ಎರಡು ಬೈಕು ಬಂತು. ಬಂದವರು ದೇಶದ ಹೆಸರು ಕೇಳಲಿಲ್ಲ, ಮಕ್ಕಳ ಹೆಸರು ಕೇಳಿದರು. ಅಪ್ಪನ ಹೆಸರು ಕೇಳಿದರು. ಮೊಬೈಲಿನಲ್ಲಿ ಫೋಟೋ ತೆಗೆದರು. ಪುಣ್ಯಕ್ಕೆ ಅಂಗಡಿಯವರು ಒಳ್ಳೆಯವರು. ಅವರು ನಡುವೆ ನಿಂತು ಮಕ್ಕಳನ್ನು ರಿಕ್ಷಾ ಹತ್ತಿಸಿದರು. 2009ರ ಜನವರಿಯಲ್ಲಿ ಪಬ್‌ಗೆ ನುಗ್ಗಿ ಹುಡುಗಿಯರನ್ನು ಹೊಡೆದ ದಿನ ನಮ್ಮೂರು ಜಗತ್ತಿನ ಟಿವಿಗಳಲ್ಲಿ ಬಂದಿತ್ತು. ಗ್ಲೋಬಲ್ ಆಗುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಮರುದಿನ ಶಾಲೆಯಿಂದ ಸುತ್ತೋಲೆ ಹೊರಟಿತು. ಬೈಕಿನವರ ಬಗ್ಗೆ ಒಂದು ಅಕ್ಷರ ಇಲ್ಲ. ಯೂನಿಫಾರ್ಮಿನಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಐಸ್‌ಕ್ರೀಮ್ ತಿನ್ನುವಂತಿಲ್ಲ.

ಇಷ್ಟೆಲ್ಲ ಇದ್ದರೂ ನಮ್ಮ ಮಕ್ಕಳಿಗೆ ಹಕ್ಕು ಚಲಾಯಿಸಲು ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಜುಲೈ ತಿಂಗಳ ಒಂದು ರಾತ್ರಿ ನೋಡಬೇಕು. ಹೊರಗೆ ಜಡಿಮಳೆ. ಮಗು ಮಲಗುವುದಿಲ್ಲ. ನಾಳೆ ರಜೆ ಉಂಟಾ ಎಂಬುದನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆ ಪ್ರಶ್ನೆಯೇ ಇಲ್ಲ. ಜಿಲ್ಲಾಧಿಕಾರಿಗಳ ಸೋಷಿಯಲ್ ಮೀಡಿಯಾ ಪೇಜಿನ ಕೆಳಗೆ ಅರ್ಜಿಗಳ ರಾಶಿ. "ಸರ್ ಪ್ಲೀಸ್." "ಸರ್ ನಮ್ಮ ಕಡೆ ಜೋರು ಉಂಟು." "ಸರ್ ಉಡುಪಿಗೆ ಕೊಟ್ಟಿದ್ದಾರೆ, ನಮಗೆ ಯಾಕಿಲ್ಲ?" ಈ ಕೊನೆಯದು ಸಮಾನತೆಯ ಹಕ್ಕಿನ ಅತ್ಯುತ್ತಮ ವಾದ ಎಂದು ನನ್ನ ಅಭಿಪ್ರಾಯ. ಸಾಕ್ಷಿಗೆ ಕಿಟಕಿಯಿಂದ ತೆಗೆದ ವಿಡಿಯೋ. ಹಳೆಯ ಆದೇಶದ ತಾರೀಕು ತಿದ್ದಿ ಹಂಚುವ ಪಂಡಿತರೂ ಇದ್ದಾರೆ. ಅವರು ಮುಂದೆ ದೊಡ್ಡ ವಕೀಲರಾಗುತ್ತಾರೆ, ಬರೆದಿಟ್ಟುಕೊಳ್ಳಿ. ವಿಶ್ರಾಂತಿ, ವಿರಾಮ, ಆಟ ಮಗುವಿನ ಹಕ್ಕು ಎಂದು ಒಡಂಬಡಿಕೆಯ 31ನೇ ವಿಧಿ ಹೇಳುವುದನ್ನು ಯಾರೂ ಓದಿಸಲಿಲ್ಲ. ಮಕ್ಕಳು ತಾವೇ ಹೋರಾಡಿ ಪಡೆದರು. ಶಾಲೆಗಳೂ ಬಿಡುವುದಿಲ್ಲ ಬಿಡಿ. ಜುಲೈಯಲ್ಲಿ ಕೊಟ್ಟ ಹಕ್ಕನ್ನು ಶನಿವಾರ ಮಧ್ಯಾಹ್ನದ ಕ್ಲಾಸು ಮಾಡಿ ಕಂತಿನಲ್ಲಿ ವಸೂಲಿ ಮಾಡುತ್ತವೆ.

ನಾರ್ವೆಯ ಕಥೆ ಸ್ವಲ್ಪ ಉಳಿದಿದೆ. ಸಪ್ತಾಹದ ಕೊನೆಯ ದಿನ ಮಕ್ಕಳಿಗೆ ಫೀಡ್‌ಬ್ಯಾಕ್ ಫಾರ್ಮ್ ಕೊಟ್ಟರು. ಹೆಸರು ಬರೆಯಬೇಕಾಗಿಲ್ಲ, ಮುಕ್ತವಾಗಿ ಬರೆಯಿರಿ ಎಂದಿತ್ತು. ರೋಲ್ ನಂಬರ್ ಮಾತ್ರ ಬರೆಯಬೇಕಿತ್ತು. ಎಲ್ಲರೂ 'ವೆರಿ ಇನ್‌ಫರ್ಮೇಟಿವ್' ಎಂದು ಬರೆದರು. ಈ ಹುಡುಗಿ ಬರೆದದ್ದು ಒಂದೇ ಸಾಲು. ಹುಡುಗಿಯರ ಬಾತ್‌ರೂಮಿನ ಮೂರು ಬಾಗಿಲಿಗೆ ಚಿಲಕ ಇಲ್ಲ, 12ನೇ ವಿಧಿ ನೋಡಿ. ಘೋಷಣೆಯ 12ನೆಯದು ಖಾಸಗಿತನ. ಅವಳಿಗೆ ಮೂವತ್ತೂ ಬಾಯಿಪಾಠ, ಶಾಲೆಯೇ ಮಾಡಿಸಿದ್ದು.

ಸೋಮವಾರ ಅವಳ ಅಪ್ಪನಿಗೆ ಬುಲಾವ್ ಬಂತು. ಪ್ರಿನ್ಸಿಪಾಲ್ ಚಾ ತರಿಸಿದರು, ಸಂಗತಿ ಗಂಭೀರ ಅಂತ ಅರ್ಥ. "ಹುಡುಗಿ ಒಳ್ಳೆಯವಳು. ಓದುವುದರಲ್ಲಿ ಮುಂದೆ. ಆದರೆ ಈಚೆಗೆ ಸ್ವಲ್ಪ ಜಾಸ್ತಿ ಮಾತಾಡ್ತಾಳೆ. ಮನೆಯಲ್ಲಿ ಎಂತಾದರೂ ಸಮಸ್ಯೆ ಉಂಟಾ?"

"ಇಲ್ಲ ಮೇಡಂ. ನೀವೇ ನಾರ್ವೆ ಮಾಡಿದ್ರಲ್ಲ."

ಪ್ರಿನ್ಸಿಪಾಲ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೋಡಿ, ಅದು ಪ್ರೋಗ್ರಾಂ. ಇದು ಶಾಲೆ. ಮ್ಯಾನೇಜ್‌ಮೆಂಟ್‌ನವರೂ ಬೇಜಾರು ಮಾಡ್ಕೊಂಡಿದ್ದಾರೆ. ಬರುವ ವರ್ಷ ಹಕ್ಕು ಗಿಕ್ಕು ಬೇಡ, ರಸ್ತೆ ಸುರಕ್ಷತಾ ಸಪ್ತಾಹ ಮಾಡುವ ಅಂತ ತೀರ್ಮಾನ ಆಗಿದೆ. ಅದರಲ್ಲಿ ಮಕ್ಕಳು ಪ್ರಶ್ನೆ ಕೇಳುವ ರಗಳೆ ಇಲ್ಲ."

ಅಪ್ಪ ಕಿಟಕಿಯಿಂದ ಹೊರಗೆ ನೋಡಿದರು. ಗೇಟಿನ ಎದುರು ಸ್ಟೇಟ್‌ಬ್ಯಾಂಕ್ ಕಡೆಯ ಸಿಟಿ ಬಸ್ಸು ಬಂದು ಅರ್ಧ ನಿಂತಿತ್ತು. ಫುಟ್‌ಬೋರ್ಡಿನಲ್ಲಿ ಏಳೆಂಟು ಬ್ಯಾಗು ನೇತಾಡುತ್ತಿದ್ದವು. ಬ್ಯಾಗಿನ ಒಳಬದಿಗೆ ಮಕ್ಕಳೂ ಇದ್ದರು. ಕಂಡಕ್ಟರ್ "ಮುಂದೆ ಹೋಗಿ, ಮುಂದೆ ಜಾಗ ಉಂಟು" ಎಂದು ಸೀಟಿ ಊದಿದ.

"ಮೇಡಂ, ಅದರಲ್ಲೂ ಸ್ವಲ್ಪ ರಗಳೆ ಉಂಟು" ಎಂದರು ಅಪ್ಪ.