ಹದಿನೆಂಟಕ್ಕೇ ಐದು ಮಕ್ಕಳ ಹೊಣೆ: ವಾರಿಕ್ ಡನ್ ಬಗ್ಗೆ ನಾಲ್ಕು ಮಾತು

ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವವರಿಗೆ ಸೈನಿಂಗ್ ಡೇ ಅಂದರೆ ಗೊತ್ತಿರುತ್ತದೆ. ಹೈಸ್ಕೂಲ್ ಮುಗಿಸುತ್ತಿರುವ ಹುಡುಗ ಮೇಜಿನ ಮೇಲೆ ನಾಲ್ಕೈದು ಕಾಲೇಜುಗಳ ಟೋಪಿ ಇಟ್ಟುಕೊಂಡು ಕೂರುತ್ತಾನೆ. ಒಂದನ್ನು ಎತ್ತಿ ತಲೆಗೆ ಹಾಕಿಕೊಂಡರೆ ಆ ಕಾಲೇಜಿಗೆ ಆಡುತ್ತಾನೆ ಎಂದರ್ಥ. ಪಕ್ಕದಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತಾಳೆ, ಸುತ್ತ ಇದ್ದವರು ಚಪ್ಪಾಳೆ ತಟ್ಟುತ್ತಾರೆ. ಅಲ್ಲಿಗೆ ಬರುವ ಮೊದಲು ಆ ಹುಡುಗನನ್ನು ಅಳೆದದ್ದೇ ಅಳೆದದ್ದು. ಎತ್ತರ ಎಷ್ಟು, ತೂಕ ಎಷ್ಟು, 40 ಗಜ ಓಡೋಕೆ ಎಷ್ಟು ಸೆಕೆಂಡ್ ಬೇಕು, ಎಷ್ಟು ಸ್ಟಾರ್. ಹೆಸರಾಂತ ಕೋಚ್‌ಗಳು ಮನೆಗೇ ಬಂದು ಕೂತು ಅಪ್ಪ ಅಮ್ಮನ ಜೊತೆ ಮಾತಾಡುತ್ತಾರೆ. ಹೀಗೆ ಕಾಲೇಜುಗಳು ಬೆನ್ನು ಹತ್ತುವ ಹುಡುಗನಿಗೆ ಅಲ್ಲಿ ರಿಕ್ರೂಟ್ ಅನ್ನುತ್ತಾರೆ.

ಆ ವಿಡಿಯೋಗಳು ಫೀಡ್‌ನಲ್ಲಿ ಬಂದಾಗೆಲ್ಲ ನನಗೆ ನೆನಪಾಗುವುದು 1993ರ ಒಬ್ಬ ರಿಕ್ರೂಟ್. ಹೆಸರು ವಾರಿಕ್ ಡನ್. ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್ ಊರಿನ ಹುಡುಗ. ಅಲ್ಲಿನ ಕ್ಯಾಥೊಲಿಕ್ ಹೈಸ್ಕೂಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿಯೂ ಆಡಿದ್ದ, ರನ್ನಿಂಗ್ ಬ್ಯಾಕ್ ಆಗಿಯೂ ಆಡಿದ್ದ, ಡಿಫೆನ್ಸ್‌ನಲ್ಲೂ ಆಡಿದ್ದ. (ಇದು ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಮೈಮೇಲೆ ಬೀಳುವವರನ್ನು ತಪ್ಪಿಸಿಕೊಂಡು ಓಡುವ ಆಟ. ಹಾಗೆ ಓಡುವವನೇ ರನ್ನಿಂಗ್ ಬ್ಯಾಕ್. ಚೆಂಡು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್.) ಎತ್ತರ ಐದಡಿ ಎಂಟು ಒಂಬತ್ತು ಇಂಚು ಅಷ್ಟೇ. ಆ ಆಟಕ್ಕೆ ಇದು ಗಿಡ್ಡ. ಇಷ್ಟು ಸಣ್ಣ ಹುಡುಗ ರನ್ನಿಂಗ್ ಬ್ಯಾಕ್ ಆಗಿ ತಡೆದುಕೊಳ್ಳುವುದಿಲ್ಲ, ಡಿಫೆನ್ಸ್‌ಗೆ ಹಾಕೋಣ ಅನ್ನುವುದೇ ಹಲವರ ಲೆಕ್ಕಾಚಾರ.

ಅವನ ಅಮ್ಮ ಬೆಟ್ಟಿ ಸ್ಮದರ್ಸ್ ಬ್ಯಾಟನ್ ರೂಜ್ ಪೊಲೀಸ್ ಇಲಾಖೆಯಲ್ಲಿದ್ದರು. ಆರು ಮಕ್ಕಳನ್ನು ಒಬ್ಬರೇ ಸಾಕುತ್ತಿದ್ದರು. ವಾರಿಕ್ ಹಿರಿಮಗ. ಪೊಲೀಸ್ ಸಂಬಳದಲ್ಲಿ ಏಳು ಜನರ ಮನೆ ನಡೆಯುವುದಿಲ್ಲ. ಅದಕ್ಕೆ ಡ್ಯೂಟಿ ಮುಗಿದ ಮೇಲೆ ಒಂದು ದಿನಸಿ ಅಂಗಡಿಗೆ ಸೆಕ್ಯೂರಿಟಿ ಕೆಲಸ ಮಾಡುತ್ತಿದ್ದರು. ಸ್ವಂತದ್ದೊಂದು ಮನೆ ಮಾಡಿಕೊಳ್ಳಬೇಕು ಅನ್ನುವುದು ಅವರಿಗಿದ್ದ ದೊಡ್ಡ ಆಸೆ.

1993ರ ಜನವರಿ 5ಕ್ಕೆ ವಾರಿಕ್‌ಗೆ ಹದಿನೆಂಟು ತುಂಬಿತು. ಎರಡೇ ದಿನ. ಜನವರಿ 7, ನಡುರಾತ್ರಿಯ ಹೊತ್ತು. ಅಂಗಡಿಯ ದಿನದ ವ್ಯಾಪಾರದ ಹಣವನ್ನು ಬ್ಯಾಂಕಿನ ರಾತ್ರಿ ಪೆಟ್ಟಿಗೆಗೆ ಹಾಕುವುದಿತ್ತು. ಅಂಗಡಿಯ ಮ್ಯಾನೇಜರ್ ಹೆಂಗಸನ್ನು ಬೆಟ್ಟಿ ತಮ್ಮ ಪೊಲೀಸ್ ಕಾರಿನಲ್ಲೇ ಕೂರಿಸಿಕೊಂಡು ಹೋದರು. ಮೈಮೇಲೆ ಯೂನಿಫಾರ್ಮ್ ಇತ್ತು. ಬ್ಯಾಂಕಿನ ಹತ್ತಿರ ಹೊಂಚು ಹಾಕಿದ್ದವರು ಕಾರಿನ ಮೇಲೆ ಗುಂಡು ಹಾರಿಸಿದರು. ಜೊತೆಗಿದ್ದ ಹೆಂಗಸು ಗುಂಡೇಟು ತಿಂದೂ ಬದುಕಿಕೊಂಡರು. ಬೆಟ್ಟಿ ಉಳಿಯಲಿಲ್ಲ. ವಯಸ್ಸು 36.

ಮನೆಯಲ್ಲಿ ಐದು ಜನ ತಮ್ಮ ತಂಗಿಯರು. ಅಪ್ಪ ಇಲ್ಲ, ಅಮ್ಮ ಇನ್ನಿಲ್ಲ. ಆಗೆಲ್ಲ ಸೈನಿಂಗ್ ಡೇ ಫೆಬ್ರುವರಿಯ ಮೊದಲ ಬುಧವಾರ. ಆ ವರ್ಷ ಅದು 3ನೇ ತಾರೀಖು. ಅಂದರೆ ತಾಯಿಯನ್ನು ಕಳೆದುಕೊಂಡು ನಾಲ್ಕು ವಾರ ತುಂಬುವುದರೊಳಗೆ ಈ ಹುಡುಗ ಯಾವ ಕಾಲೇಜು ಎಂದು ಹೇಳಿಬಿಡಬೇಕಿತ್ತು.

ನಾನು ತುಂಬ ಸಲ ಯೋಚಿಸಿರುವುದು ಈ ನಾಲ್ಕು ವಾರಗಳ ಬಗ್ಗೆಯೇ. ದೊಡ್ಡ ಕಾಲೇಜು ಬೇಕೆಂದರೆ ಊರಲ್ಲೇ ಇತ್ತು. ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ ಇರುವುದೇ ಬ್ಯಾಟನ್ ರೂಜ್‌ನಲ್ಲಿ. ಅಲ್ಲಿ ಸೇರಿದ್ದರೆ ದಿನಾ ಮನೆ ಊಟ, ದಿನಾ ಮಕ್ಕಳ ಮುಖ. ಆದರೆ ಅವನು ಆರಿಸಿಕೊಂಡಿದ್ದು ಸುಮಾರು 700 ಕಿಲೋಮೀಟರ್ ದೂರದ ಟಾಲಹಾಸಿಯನ್ನು, ಫ್ಲೋರಿಡಾ ಸ್ಟೇಟ್ ತಂಡವನ್ನು. ಅಲ್ಲಿನ ಕೋಚ್ ಬಾಬಿ ಬೌಡನ್‌ಗೂ ಇವನು ಡಿಫೆನ್ಸ್‌ನಲ್ಲಿ ಆಡಲಿ ಅಂತಲೇ ಇತ್ತು. ಆದರೂ ಮೊದಲು ರನ್ನಿಂಗ್ ಬ್ಯಾಕ್ ಆಗಿ ಆಡಿ ತೋರಿಸು, ಆಮೇಲೆ ನೋಡೋಣ ಎಂದು ಅವಕಾಶ ಕೊಟ್ಟರು.

ಸಣ್ಣ ಮಕ್ಕಳನ್ನು ಬಿಟ್ಟು ಅಷ್ಟು ದೂರ ಹೋದನಲ್ಲ ಎಂದು ಯಾರಿಗಾದರೂ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ನಮ್ಮಲ್ಲೂ ಹಿರಿಮಗ ಅಂದರೆ ಓದು ಬಿಟ್ಟು, ಆಸೆ ಬಿಟ್ಟು ಮನೆಗಾಗಿ ಸವೆಯಬೇಕು, ಆಗಲೇ ಅವನು ಒಳ್ಳೆಯ ಮಗ ಎನ್ನುವ ಭಾವನೆ ಇದೆ. ಮನೆಗಾಗಿ ಏನನ್ನು ಬಿಟ್ಟ ಎಂಬುದಷ್ಟೇ ನಮ್ಮ ಕಣ್ಣಿಗೆ ಬೀಳುತ್ತದೆ. ಡನ್ ಮನೆಯನ್ನೂ ಬಿಡಲಿಲ್ಲ, ಆಟವನ್ನೂ ಬಿಡಲಿಲ್ಲ. ಅಜ್ಜಿ ಬಂದು ಮಕ್ಕಳ ಜೊತೆ ನಿಂತರು. ಇವನು ದೂರದಲ್ಲಿದ್ದುಕೊಂಡು ಫೋನಿನಲ್ಲೇ ಮನೆ ನೋಡಿಕೊಂಡ. ಅಜ್ಜಿ ಇದ್ದರು ನಿಜ. ಆದರೂ ಆ ಐದು ಜನಕ್ಕೆ ಅಪ್ಪನ ಜಾಗದಲ್ಲಿ ಇದ್ದವನು ಇವನೇ. ಒಂದು ಕಡೆ ಪ್ರಾಕ್ಟೀಸ್, ಇನ್ನೊಂದು ಕಡೆ ಕ್ಲಾಸು, ಮಧ್ಯೆ ಐದು ಮಕ್ಕಳ ಚಿಂತೆ. ಹದಿನೆಂಟು ವಯಸ್ಸಿಗೆ ಇದು ಸಣ್ಣ ಮಾತಲ್ಲ ಅಲ್ವಾ?

ಮೊದಲ ವರ್ಷ ಅವನ ರೂಮ್‌ಮೇಟ್ ಆಗಿದ್ದವನು ಚಾರ್ಲಿ ವಾರ್ಡ್. ತಂಡದ ಹಿರಿಯ ಕ್ವಾರ್ಟರ್‌ಬ್ಯಾಕ್. ಅದೇ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದವನು. ಅಂಥ ಸ್ಟಾರ್ ಆಟಗಾರ, ತಾಯಿಯನ್ನು ಕಳೆದುಕೊಂಡು ಬಂದ ಹೊಸ ಹುಡುಗನ ಜೊತೆ ರೂಮ್ ಹಂಚಿಕೊಂಡು ಅವನಿಗೆ ಅಣ್ಣನ ಹಾಗೆ ನಿಂತ. ಡನ್ ಬಗ್ಗೆ ಬರೆಯುವಾಗ ವಾರ್ಡ್ ಹೆಸರು ಬಿಟ್ಟರೆ ಅನ್ಯಾಯವಾಗುತ್ತದೆ. ಇಡೀ ಮನೆಗೆ ಅಣ್ಣನಾಗಿದ್ದವನಿಗೂ ಒಬ್ಬ ಅಣ್ಣ ಬೇಕಿತ್ತು.

ಆ ಇಬ್ಬರೂ ಸೇರಿ ಮಾಡಿದ ಒಂದು ಆಟವನ್ನು ಇವತ್ತಿಗೂ ಜನ ಹುಡುಕಿ ಹುಡುಕಿ ನೋಡುತ್ತಾರೆ. 1993ರ ನವೆಂಬರ್, ಎದುರಾಳಿ ಅದೇ ರಾಜ್ಯದ ಇನ್ನೊಂದು ಕಾಲೇಜು, ಫ್ಲೋರಿಡಾ ಯೂನಿವರ್ಸಿಟಿ. ಬದ್ಧ ವೈರಿಗಳು, ಅದೂ ಅವರದೇ ನೆಲ ಗೇನ್ಸ್‌ವಿಲ್‌ನಲ್ಲಿ. ನಾಲ್ಕನೇ ಕ್ವಾರ್ಟರ್. ಫ್ಲೋರಿಡಾ ಸ್ಟೇಟ್ 27, ಫ್ಲೋರಿಡಾ 21. ಕೈಯಲ್ಲಿದ್ದ ಲೀಡ್ ಕರಗುತ್ತಾ ಬಂದಿತ್ತು, ಕ್ರೀಡಾಂಗಣವಿಡೀ ಕಿರುಚುತ್ತಿತ್ತು. ಮೂರನೇ ಡೌನ್, ಅಂದರೆ ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು. ಇನ್ನೂ ಹತ್ತು ಗಜ ಬೇಕು. ತಮ್ಮದೇ 21ನೇ ಗಜದಿಂದ ಆಟ ಶುರು. ವಾರ್ಡ್ ಚೆಂಡನ್ನು ಅಂಚಿನ ಗೆರೆಯ ಕಡೆ ಎಸೆದ, ಡನ್ ಹಿಡಿದು ಓಡಿದ. ಓಡಿದ ಅಂದರೆ ಓಡಿಯೇಬಿಟ್ಟ, ಯಾರ ಕೈಗೂ ಸಿಗಲಿಲ್ಲ. 79 ಗಜ, ಟಚ್‌ಡೌನ್. ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿದ್ದಕ್ಕೆ ಆರು ಅಂಕ. 33-21ಕ್ಕೆ ಆಟ ಗೆದ್ದರು. ಹೊಸ ವರ್ಷದ ದಿನ ಆರೆಂಜ್ ಬೌಲ್‌ನಲ್ಲಿ ನೆಬ್ರಾಸ್ಕಾವನ್ನು 18-16ರಿಂದ ಸೋಲಿಸಿದರು. ಫ್ಲೋರಿಡಾ ಸ್ಟೇಟ್‌ಗೆ ಅದೇ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್. ಅಮ್ಮ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

ಕಾಲೇಜು ಆಟಗಾರರ ದುಡ್ಡಿನ ವಿಷಯವನ್ನೂ ಇಲ್ಲಿ ಹೇಳಬೇಕು. ಆಗ ಸ್ಕಾಲರ್‌ಶಿಪ್‌ನಲ್ಲಿ ಫೀಸು, ಊಟ, ರೂಮು, ಪುಸ್ತಕ ಸಿಗುತ್ತಿತ್ತು. ಅದರಾಚೆ ಯಾರ ಕೈಯಿಂದಲೂ ಏನೂ ತೆಗೆದುಕೊಳ್ಳುವಂತಿರಲಿಲ್ಲ. ಸ್ಟೇಡಿಯಂ ತುಂಬಿಸುವ ಹುಡುಗ, ಟಿವಿಯಲ್ಲಿ ಕೋಟ್ಯಂತರ ದುಡ್ಡು ತರುವ ಹುಡುಗ, ಮನೆಯಲ್ಲಿ ಐದು ಮಕ್ಕಳಿದ್ದರೂ ನಿಯಮ ಅಂದರೆ ನಿಯಮ. ಇದು ಎಷ್ಟು ಕಟ್ಟುನಿಟ್ಟು ಅನ್ನುವುದು 2006ರಲ್ಲಿ ಕ್ಲೆಮ್ಸನ್ ಯೂನಿವರ್ಸಿಟಿಯಲ್ಲಿ ಇನ್ನೂ ಚೆನ್ನಾಗಿ ಗೊತ್ತಾಯಿತು. ರೇ ರೇ ಮೆಕೆಲ್‌ರಾತ್‌ಬಿ ಎಂಬ ಆಟಗಾರ ತನ್ನ ಹನ್ನೊಂದು ವರ್ಷದ ತಮ್ಮನನ್ನು ತನ್ನ ಜೊತೆಗೇ ಇಟ್ಟುಕೊಂಡ. ತಾಯಿ ಮಾದಕ ವಸ್ತುವಿನ ಚಟದಲ್ಲಿದ್ದರು, ತಮ್ಮ ಸರ್ಕಾರಿ ಆಸರೆಗೆ ಹೋಗುವುದು ಇವನಿಗೆ ಬೇಡವಾಗಿತ್ತು. ಆದರೆ ಆ ಪುಟ್ಟ ಹುಡುಗನನ್ನು ಕೋಚ್‌ಗಳ ಹೆಂಡತಿಯರು ಶಾಲೆಗೆ ಕಾರಿನಲ್ಲಿ ಬಿಟ್ಟು ಬರಬೇಕಾದರೂ ಕಾಲೇಜು ಕ್ರೀಡೆಗಳ ನಿಯಮ ಮಾಡುವ ಸಂಸ್ಥೆಯಾದ ಎನ್‌ಸಿಎಎ ಅನುಮತಿ ಬೇಕಿತ್ತು! ಕೊನೆಗೆ ಎನ್‌ಸಿಎಎ ವಿನಾಯಿತಿ ಕೊಟ್ಟಿತು, ಹುಡುಗನ ಹೆಸರಲ್ಲಿ ನಿಧಿ ಶುರುವಾಯಿತು. ಆಗ ಕ್ಲೆಮ್ಸನ್ ಕೋಚ್ ಆಗಿದ್ದದ್ದು ಟಾಮಿ ಬೌಡನ್, ಡನ್‌ನ ಕೋಚ್ ಬಾಬಿ ಬೌಡನ್ ಅವರ ಮಗ. ಇಂಥ ಹುಡುಗರನ್ನು ಹೊಗಳುವುದು ಸುಲಭ. ಅವರ ತಮ್ಮನನ್ನು ಶಾಲೆಗೆ ಬಿಟ್ಟು ಬರಲು ಬಿಡದ ನಿಯಮವನ್ನು ಬದಲಾಯಿಸುವುದು ಅಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ.

ಮತ್ತೆ ಡನ್ ವಿಷಯಕ್ಕೆ ಬರುತ್ತೇನೆ. ಫ್ಲೋರಿಡಾ ಸ್ಟೇಟ್‌ನಲ್ಲಿ ಮೂರು ಸೀಸನ್ ಸಾವಿರ ಗಜಕ್ಕಿಂತ ಜಾಸ್ತಿ ಓಡಿದ ಮೊದಲ ಆಟಗಾರ ಅವನು. ಗಿಡ್ಡ ಅಂದವರಿಗೆ ಅದೇ ಉತ್ತರ. 1997ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಾಗ ಟ್ಯಾಂಪಾ ಬೇ ಬಕನೀರ್ಸ್ ತಂಡ ಅವನನ್ನು 12ನೆಯವನಾಗಿ ಆರಿಸಿಕೊಂಡಿತು. ಅಲ್ಲಿನ ಕೋಚ್ ಟೋನಿ ಡಂಜಿ ಹೊಸ ಆಟಗಾರರಿಗೆಲ್ಲ ಒಂದು ಮಾತು ಹೇಳುತ್ತಿದ್ದರು: ನೀವು ಆಡುವ ಊರಿಗೆ ಏನಾದರೂ ಮಾಡಿ. ಕೈಗೆ ಮೊದಲ ಸಂಬಳ ಬಂದ 22 ವರ್ಷದ ಹುಡುಗ ಏನು ಮಾಡಿದ ಗೊತ್ತಾ? ಒಂಟಿಯಾಗಿ ಮಕ್ಕಳನ್ನು ಸಾಕುವ ಅಮ್ಮಂದಿರಿಗೆ ಸ್ವಂತ ಮನೆ ಮಾಡಿಕೊಳ್ಳಲು ಕೈ ಹಿಡಿಯತೊಡಗಿದ. ಅಮ್ಮನಿಗೆ ಸಿಗದೇ ಹೋದದ್ದೇ ಅದು.

ಆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸುಮ್ನೆ ಮನೆ ಕಟ್ಟಿಸಿ ಬೀಗದ ಕೈ ಕೊಟ್ಟು ಫೋಟೋ ತೆಗೆಸಿಕೊಳ್ಳುವುದಲ್ಲ. ಆ ತಾಯಿ ತಾನೇ ದುಡಿದು, ಸಾಲಕ್ಕೆ ಅರ್ಹಳಾಗಿ, ಮನೆ ಕೊಳ್ಳುವ ಹಂತಕ್ಕೆ ಬಂದಿರಬೇಕು. ಡೌನ್ ಪೇಮೆಂಟ್‌ಗೆಂದು 5,000 ಡಾಲರ್ ಇವರ ಕಡೆಯಿಂದ. ಆಮೇಲೆ ಒಳಗೆ ಇಡೀ ಸಂಸಾರಕ್ಕೆ ಬೇಕಾದದ್ದೆಲ್ಲ ತುಂಬಿಸುತ್ತಾರೆ. ಮಂಚ, ಹಾಸಿಗೆ, ಹೊದಿಕೆ, ಟವೆಲ್ಲು, ಪಾತ್ರೆ ಪಡಗ, ಅಡುಗೆಮನೆ ಕಪಾಟಿನಲ್ಲಿ ದಿನಸಿ, ತೋಟದ ಕೆಲಸದ ಸಾಮಾನು. ತಾಯಿ ಮಕ್ಕಳು ಬಾಗಿಲು ತೆಗೆದು ಒಳಗೆ ಬಂದರೆ ಆವತ್ತೇ ಒಲೆ ಹಚ್ಚಬಹುದು, ಆವತ್ತೇ ಮಲಗಬಹುದು. ಬಾಡಿಗೆ ಮನೆಗಳನ್ನು ಬದಲಾಯಿಸುತ್ತಾ ಮಕ್ಕಳನ್ನು ಬೆಳೆಸಿದವರಿಗೆ ಇದರ ಬೆಲೆ ಗೊತ್ತು. ಹೊಸ ಮನೆಗೆ ಹೋದ ಮೊದಲ ತಿಂಗಳು ಬಕೆಟ್ಟಿನಿಂದ ಹಿಡಿದು ಪರದೆವರೆಗೆ ಎಷ್ಟು ಖರ್ಚು ಬಂದು ಬೀಳುತ್ತದೆ ಎಂದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಯೋಚಿಸಬೇಕಾದರೆ ಅಮ್ಮನ ಕಷ್ಟವನ್ನು ಹತ್ತಿರದಿಂದ ನೋಡಿರಬೇಕು. ಇಲ್ಲಿಯವರೆಗೆ 200ಕ್ಕೂ ಹೆಚ್ಚು ಕುಟುಂಬಗಳು ಹೀಗೆ ಸ್ವಂತ ಮನೆಗೆ ಹೋಗಿವೆ.

ಆಟದ ಲೆಕ್ಕ ಬೇಕಾದವರಿಗೆ: ಎನ್‌ಎಫ್‌ಎಲ್‌ನಲ್ಲಿ 12 ಸೀಸನ್, ಓಡಿದ್ದು 10,967 ಗಜ. ಆಟದ ಜೊತೆ ಸಮಾಜಸೇವೆಗೂ ಕೊಡುವ ವಾಲ್ಟರ್ ಪೇಟನ್ ಮ್ಯಾನ್ ಆಫ್ ದಿ ಇಯರ್ ಪ್ರಶಸ್ತಿ, 2004ರದ್ದು. ಆಮೇಲೆ ಅಟ್ಲಾಂಟಾ ಫಾಲ್ಕನ್ಸ್ ತಂಡದ ಮಾಲೀಕತ್ವದಲ್ಲೂ ಸಣ್ಣದೊಂದು ಪಾಲು.

ಆದರೆ ಅವನ ಬಗ್ಗೆ ನನಗೆ ಗೌರವ ಇಮ್ಮಡಿಯಾದದ್ದು 2007ರ ಒಂದು ಘಟನೆಯಿಂದ. ಆ ಅಕ್ಟೋಬರ್‌ನಲ್ಲಿ ಅವನು ಅಂಗೋಲ ಎಂದು ಕರೆಯುವ ಲೂಯಿಸಿಯಾನ ಜೈಲಿಗೆ ಹೋದ. ಅಮ್ಮನ ಕೊಲೆಗೆ ಮರಣದಂಡನೆಯಾಗಿದ್ದ ಕೆವನ್ ಬ್ರಮ್‌ಫೀಲ್ಡ್‌ನನ್ನು ಎದುರು ಕೂತು ಮಾತಾಡಿಸಿದ. ಅಮ್ಮ ಎಂಥವರು, ಅವರು ಹೋದ ಮೇಲೆ ತಾನೂ ತಮ್ಮ ತಂಗಿಯರೂ ಏನೇನು ಅನುಭವಿಸಿದೆವು ಎಂದು ಹೇಳಿದ. ಆ ಮನುಷ್ಯ, ನಿನ್ನ ಅಮ್ಮನನ್ನು ಕೊಂದಿದ್ದು ನಾನಲ್ಲ ಅಂದ. ಹದಿನಾಲ್ಕು ವರ್ಷ ಕಾದು ಬಂದವನಿಗೆ ಈ ಮಾತು ಕೇಳಿ ಮೈ ಉರಿಯಬೇಕಿತ್ತು. ಡನ್ ಎದ್ದು ಹೋಗಲಿಲ್ಲ. ನಾನು ಬಂದಿದ್ದು ಕ್ಷಮಿಸುವುದಕ್ಕೆ ಎಂಬರ್ಥದ ಮಾತಾಡಿ ಬಂದ.

ಇದರ ಮುಂದಿನ ಕಥೆ 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನಡೆಯಿತು. ಬ್ರಮ್‌ಫೀಲ್ಡ್‌ನ ಬುದ್ಧಿಮಟ್ಟದ ವಿಚಾರಣೆ ನಡೆಯಬೇಕೇ ಬೇಡವೇ ಅನ್ನುವುದು ಪ್ರಶ್ನೆ. ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಅಲ್ಲಿ ಮರಣದಂಡನೆ ಕೊಡುವಂತಿಲ್ಲ. 5-4ರಲ್ಲಿ ನಡೆಯಬೇಕು ಎಂದು ತೀರ್ಪಾಯಿತು. ಒಪ್ಪದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ತಮ್ಮ ಭಿನ್ನ ತೀರ್ಪಿನಲ್ಲಿ ಡನ್ ಬದುಕನ್ನು ಉದ್ದಕ್ಕೆ ಬರೆದರು. ಒಂದೇ ಊರು, ಇಬ್ಬರಿಗೂ ಅಪ್ಪ ಜೊತೆಗಿಲ್ಲ, ಒಬ್ಬ ಹೀಗಾದ ಇನ್ನೊಬ್ಬ ಹಾಗಾದ ಎನ್ನುವ ಧಾಟಿ. ಥಾಮಸ್ ಕಡೆಗೇ ಮತ ಹಾಕಿದ್ದ ನ್ಯಾಯಮೂರ್ತಿ ಅಲಿಟೊ ಕೂಡ, ಈ ಕಥೆ ಸ್ಫೂರ್ತಿ ಕೊಡುವಂಥದ್ದು, ಆದರೆ ಕಾನೂನಿನ ವಿಶ್ಲೇಷಣೆಗೆ ಅದು ಬೇಕೇಬೇಕು ಅಂತಲ್ಲ ಎಂದು ಬೇರೆಯಾಗಿ ಬರೆದರು.

ಡನ್‌ನನ್ನು ಇಷ್ಟು ಮೆಚ್ಚುವ ನನಗೂ ಆ ಹೋಲಿಕೆ ಸರಿ ಕಾಣುವುದಿಲ್ಲ. ಬೆಟ್ಟಿಯವರ ಸಾವಿಗೆ ನ್ಯಾಯ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಹುಡುಗನ ಒಳ್ಳೆಯತನವನ್ನು ಇನ್ನೊಬ್ಬನಿಗೆ ಹೊಡೆಯುವ ಕೋಲು ಮಾಡಿಕೊಂಡರೆ ಆ ಒಳ್ಳೆಯತನಕ್ಕೇ ಮುಕ್ಕಾಗುತ್ತದೆ. ಅವನನ್ನು ನೋಡು, ನಿನಗೇನಾಗಿತ್ತು ಎಂದು ಕೇಳುವುದು ಸುಲಭ. ಡನ್‌ಗೆ ಬೆಟ್ಟಿಯಂಥ ಅಮ್ಮ ಹದಿನೆಂಟು ವರ್ಷ ಸಿಕ್ಕಿದ್ದರು, ಅಜ್ಜಿ ಇದ್ದರು, ಚಾರ್ಲಿ ವಾರ್ಡ್ ಇದ್ದ, ಬೌಡನ್ ಇದ್ದರು. ಸ್ವತಃ ಡನ್ ಆ ಜೈಲಿಗೆ ಹೋದದ್ದು ತನ್ನನ್ನು ಅವನ ಜೊತೆ ತೂಗಿ ನೋಡುವುದಕ್ಕಲ್ಲ.

ಇನ್ನೊಂದು ವಿಷಯ. ಇಂಥ ಕಥೆಗಳನ್ನು ಹಂಚಿಕೊಳ್ಳುವಾಗ ನಾವು ಅದರ ಬೆಲೆಯನ್ನು ಹೇಳುವುದೇ ಇಲ್ಲ. ಡನ್ ಮುಚ್ಚಿಡಲಿಲ್ಲ. ತಮ್ಮ ತಂಗಿಯರಿಗಾಗಿ ಗಟ್ಟಿಯಾಗಿ ನಿಲ್ಲಬೇಕಿತ್ತಲ್ಲ, ಹಾಗಾಗಿ ಅಮ್ಮನಿಗಾಗಿ ಅಳುವುದಕ್ಕೂ ಅವನಿಗೆ ಆಗಿರಲಿಲ್ಲ. ಎಲ್ಲವೂ ಒಳಗೇ ಉಳಿದು ಖಿನ್ನತೆಯಾಗಿ ಕಾಡಿತು. ಹತ್ತಿರದವರ ಜೊತೆಗೂ ಮನಸ್ಸು ಬಿಚ್ಚುವುದು ಕಷ್ಟವಾಗಿತ್ತು. ಎನ್‌ಎಫ್‌ಎಲ್‌ನಲ್ಲಿ ಹೆಸರು ಮಾಡಿದ ಮೇಲೆ ಕೌನ್ಸೆಲಿಂಗ್‌ಗೆ ಹೋದ. 2008ರಲ್ಲಿ ಬಂದ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದುಕೊಂಡ. ಮೈಮೇಲೆ ಬೀಳುವವರಿಗೆ ಹೆದರದೆ ಓಡುವುದೇ ಗಂಡಸುತನ ಎಂದು ನಂಬಿದ ಆಟದ ಲಾಕರ್ ರೂಮಿನಿಂದ ಬಂದವನು, ನನಗೆ ಸಹಾಯ ಬೇಕಾಗಿತ್ತು, ಹೋಗಿ ಪಡೆದುಕೊಂಡೆ ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ಅವನ ಓಟಕ್ಕಿಂತ, ಕೊಡಿಸಿದ ಮನೆಗಳಿಗಿಂತ ನನಗೆ ಒಂದು ಕೈ ಜಾಸ್ತಿ ಇಷ್ಟವಾಗಿರುವುದು ಈ ಮಾತು. ಮನೆ ಹೊತ್ತ ಹುಡುಗರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ಡನ್‌ನ ಕಥೆಯನ್ನು ಈ ಭಾಗವನ್ನೂ ಸೇರಿಸಿಯೇ ಹೇಳಿ.