ಎರಡೂವರೆ ಮೀಟರಿನ ಕೆಳಗೊಂದು ಹೆರಾಲ್ಡ್

ನನ್ನ ಶೆಡ್ಡಿನ ಅತಿ ಎತ್ತರದ ಜಾಗ ನೆಲದಿಂದ 2.48 ಮೀಟರ್. ಕಟ್ಟುವಾಗ ದಿನಕ್ಕೆ ನಾಲ್ಕು ಸಲ ಟೇಪು ಹಿಡಿದಿದ್ದೇನೆ. 2.5 ದಾಟಿತೋ, ಕೌನ್ಸಿಲ್ಲಿಗೆ, ಅಂದರೆ ಇಲ್ಲಿನ ನಗರಸಭೆಗೆ, ಅರ್ಜಿ, ನಕ್ಷೆ, ಶುಲ್ಕ, ಎಂಟು ವಾರದ ಕಾಯುವಿಕೆ ಎಲ್ಲ ಶುರು. ದಾಟದಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ಹದಿನೆಂಟು ವರ್ಷವಾಯಿತು. ಈ ದೇಶದ ಬಗ್ಗೆ ನನಗಿರುವ ಮೆಚ್ಚುಗೆಯಲ್ಲಿ ದೊಡ್ಡ ಪಾಲು ಆ ‘ಕೇಳಬೇಕಾಗಿಲ್ಲ’ಕ್ಕೇ ಸಲ್ಲುತ್ತದೆ. ಹವೆಗಂತೂ ಅಲ್ಲ.

ಶೆಡ್ಡಿನೊಳಗೆ ಇರುವುದು ನಾನು ರಿಪೇರಿ ಮಾಡುತ್ತಿರುವ ಕಾರು, 1968ರ ಟ್ರಯಂಫ್ ಹೆರಾಲ್ಡ್ 13/60. ಹಾಸನದಲ್ಲಿ ನಮ್ಮ ಸೋದರಮಾವನ ಹತ್ತಿರ ಒಂದು ಹೆರಾಲ್ಡ್ ಇತ್ತು. ಅದು ಮದ್ರಾಸಿನಲ್ಲಿ ತಯಾರಾದದ್ದು, ಮೂತಿಯ ಮೇಲೆ ಟ್ರಯಂಫ್ ಬದಲು ಸ್ಟ್ಯಾಂಡರ್ಡ್ ಎಂದಿತ್ತು. ಸಕಲೇಶಪುರದ ಏರು ಹತ್ತುವಾಗ ಅದು ಕಾಯ್ದು ನಿಲ್ಲುವುದು, ಮಾವ ಇಳಿದು ಇಡೀ ಮೂತಿಯನ್ನು ಮುಂದಕ್ಕೆ ಬಗ್ಗಿಸುವುದು, ಎಂಜಿನ್ನು ಮುಂಗಾಲಿಗಳ ಸಮೇತ ಬಟಾಬಯಲಾಗುವುದು. ಬೇರೆ ಕಾರುಗಳ ಬಾನೆಟ್ಟು ಬಾಯಿ ತೆರೆದಂತೆ ತೆರೆದರೆ ಇದರದು ತಲೆಬಾಗಿ ನಮಸ್ಕಾರ ಮಾಡಿದಂತೆ. ಮಕ್ಕಳಾದ ನಮಗೆ ಕಾರು ಓಡುವುದಕ್ಕಿಂತ ಕೆಡುವುದೇ ಹಬ್ಬ. ಕೆಟ್ಟಾಗಲೆಲ್ಲ ಅದು ಹೋಗುತ್ತಿದ್ದದ್ದು ಹೊಂಗೆ ಮರದ ಕೆಳಗಿನ ಗ್ಯಾರೇಜಿಗೆ. ಗ್ಯಾರೇಜು ಅಂದರೆ ಮರ, ಒಂದು ಕಬ್ಬಿಣದ ಪೆಟ್ಟಿಗೆ, ಎರಡು ಜಾಕು, ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರು. ಗೋಡೆಯಿಲ್ಲ, ಸೂರಿಲ್ಲ, ನಕ್ಷೆಯ ಪ್ರಶ್ನೆಯೇ ಇಲ್ಲ.

ಆ ಕಾರಿನ ತವರೂರಿಗೇ ನಾನು ಕೆಲಸ ಹುಡುಕಿಕೊಂಡು ಬಂದದ್ದು ಕಾಕತಾಳೀಯ. ಕೊವೆಂಟ್ರಿಯ ಕ್ಯಾನ್ಲಿಯಲ್ಲಿ ಟ್ರಯಂಫ್ ಕಾರ್ಖಾನೆಯಿತ್ತು. ಹೆರಾಲ್ಡ್ ಹೊರಬಿದ್ದದ್ದು 1959ರಲ್ಲಿ. ಈಗ ಕಾರ್ಖಾನೆಯೂ ಇಲ್ಲ, ಹೆರಾಲ್ಡೂ ಅಪರೂಪ.

ಇಲ್ಲಿನ ಕಾನೂನಿನ ಕಥೆ ಸ್ವಲ್ಪ ಹೇಳಲೇಬೇಕು. ಯುದ್ಧ ಮುಗಿದ ಮೇಲೆ 1947ರಲ್ಲಿ ಬ್ರಿಟನ್ನಿನ ಲೇಬರ್ ಸರ್ಕಾರ ಒಂದು ಕಾಯ್ದೆ ತಂದಿತು. ಅದರ ಪ್ರಕಾರ ನೆಲ ನಿಮ್ಮದೇ ಆದರೂ ಅದರ ಮೇಲೆ ಕಟ್ಟುವ ಹಕ್ಕು ನಿಮ್ಮದಲ್ಲ. ಅದಕ್ಕೆ ಅನುಮತಿ ಬೇಕು. 1948ರ ಜುಲೈ 1ರಿಂದ ಅದು ಜಾರಿ. ಆದರೆ ಕೋಳಿಗೂಡಿಗೂ ಅನುಮತಿ ಕೇಳುತ್ತ ಜನ ಸಾಲು ನಿಂತರೆ ಕಚೇರಿ ನಡೆಯುವುದು ಹೇಗೆ? ಹಾಗಾಗಿ ಸಣ್ಣಪುಟ್ಟದ್ದಕ್ಕೆಲ್ಲ ಸರ್ಕಾರವೇ ಮುಂಗಡವಾಗಿ ಅನುಮತಿ ಕೊಟ್ಟುಬಿಟ್ಟಿತು. ಇದನ್ನು ಪರ್ಮಿಟೆಡ್ ಡೆವಲಪ್‌ಮೆಂಟ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಈಗ ನಡೆಯುತ್ತಿರುವುದು 2015ರ ಆದೇಶ. ಹಿತ್ತಲಿನ ಶೆಡ್ಡಿಗೆ ಅದರ ಷರತ್ತುಗಳು ಒಂದೇ ಹಾಳೆಯಲ್ಲಿ ಮುಗಿಯುತ್ತವೆ. ಒಂದೇ ಅಂತಸ್ತು. ಮನೆಯ ಮುಂಭಾಗಕ್ಕಿಂತ ಮುಂದೆ ಬರಬಾರದು. ಸೂರಿನ ಅಂಚು 2.5 ಮೀಟರಿನೊಳಗೆ. ಎರಡು ಕಡೆ ಇಳಿಜಾರಿನ ಮಾಡಾದರೆ ನೆತ್ತಿ 4 ಮೀಟರ್, ಬೇರೆ ಯಾವ ಮಾಡಾದರೂ 3. ಆದರೆ ಬೇಲಿಯಿಂದ 2 ಮೀಟರಿನೊಳಗೆ ಕಟ್ಟಿದರೆ ಒಟ್ಟು ಎತ್ತರವೇ 2.5. ಮೂಲ ಮನೆಯನ್ನು ಬಿಟ್ಟು ಉಳಿದ ಜಾಗದ ಅರ್ಧಕ್ಕಿಂತ ಹೆಚ್ಚು ಮುಚ್ಚಬಾರದು. ಮೂಲ ಮನೆ ಅಂದರೆ 1948ರ ಜುಲೈ 1ರಂದು ಇದ್ದ ಹಾಗೆ, ಅದಾದ ಮೇಲಿನ ಮನೆಯಾದರೆ ಮೊದಲು ಕಟ್ಟಿದ ಹಾಗೆ. ಆಮೇಲೆ ಯಾರೋ ಸೇರಿಸಿದ ಅಡುಗೆಕೋಣೆಯೂ ನಿಮ್ಮ ಅರ್ಧದ ಲೆಕ್ಕಕ್ಕೇ ಬರುತ್ತದೆ. ಪಾರಂಪರಿಕ ಪಟ್ಟಿಯಲ್ಲಿರುವ ಮನೆಗಳಿಗೂ ರಾಷ್ಟ್ರೀಯ ಉದ್ಯಾನದಂಥ ಜಾಗಗಳಿಗೂ ಬೇರೆ ನಿಯಮ. ಹೊಸ ಬಡಾವಣೆಗಳಲ್ಲಿ ಈ ಹಕ್ಕನ್ನೇ ಕಿತ್ತುಕೊಂಡಿರುವುದುಂಟು, ಮನೆ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಇದರಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ‘ಸೂಕ್ತವಾಗಿ’, ‘ಅಧಿಕಾರಿಗೆ ಸರಿ ಕಂಡಲ್ಲಿ’ ಅನ್ನುವ ಮಾತೇ ಹೆಚ್ಚು ಕಡಿಮೆ ಇಲ್ಲ. ಹದಿನೈದು ಪೌಂಡಿನ ಟೇಪು ಸಾಕು.

ಹಾಗಂತ ಟೇಪಿನ ನಿಯಮ ದಯೆಯುಳ್ಳದ್ದೇನಲ್ಲ. ನಮ್ಮದು 1930ರ ದಶಕದ ಮನೆ, ಕೊವೆಂಟ್ರಿಯ ಆ ಕಾಲದ ಎಷ್ಟೋ ಬೀದಿಗಳಂತೆ ಹಿಂದೆ ಒಂದು ಗಲ್ಲಿಯಿದೆ. ಕಾರು ಒಳಗೆ ಬರಬೇಕಾದ್ದು ಅಲ್ಲಿಂದಲೇ. ಹಿತ್ತಲಿನ ಅಗಲ ಏಳು ಮೀಟರು. ಕಾರಿನ ಸುತ್ತ ಕೆಲಸ ಮಾಡುವಷ್ಟು ಅಗಲವಾಗಿ ಎಲ್ಲಿ ಕಟ್ಟಿದರೂ ಯಾವುದೋ ಒಂದು ಬೇಲಿಯಿಂದ 2 ಮೀಟರಿನೊಳಗೇ ಬೀಳುತ್ತದೆ. ಅಂದಮೇಲೆ ಎತ್ತರ 2.5. ಅದರಲ್ಲಿ ನೆಲದ ಕಾಂಕ್ರೀಟು ಮೇಲೆದ್ದಷ್ಟು, ಮಾಡಿನ ದಪ್ಪ, ತಣ್ಣಗಾಗದಂತೆ ಹಾಕುವ ಹಲಗೆ ಎಲ್ಲ ಕಳೆದರೆ ಒಳಗೆ ಉಳಿದದ್ದು 2.2. ಕಾರನ್ನು ತಲೆಯ ಮೇಲಕ್ಕೆ ಎತ್ತುವ ಎರಡು ಕಂಬದ ಲಿಫ್ಟಿನ ಕನಸು ಅಲ್ಲಿಗೆ ಮುಗಿಯಿತು. ನೆಲಕ್ಕೆ ಗುಂಡಿ ತೋಡಬಹುದಿತ್ತು. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ ಕೂತುಬಿಡುತ್ತದೆ. ಅಲ್ಲಿ ವೆಲ್ಡಿಂಗ್ ಮಾಡುವ ಧೈರ್ಯ ನನಗಿಲ್ಲ.

ಹೆರಾಲ್ಡ್ ನನ್ನನ್ನು ಬದುಕಿಸಿತು. ಆ ಕಾಲಕ್ಕೇ ಉಳಿದ ಕಂಪನಿಗಳು ಬಿಟ್ಟುಕೊಡುತ್ತಿದ್ದ ಹಳೇ ಪದ್ಧತಿಯಲ್ಲಿ, ಪ್ರತ್ಯೇಕ ಚಾಸಿಯ (ಅಡಿಯ ಉಕ್ಕಿನ ಚೌಕಟ್ಟಿನ) ಮೇಲೆ ಬಾಡಿಯನ್ನು ಬೋಲ್ಟು ಹಾಕಿ ಕೂರಿಸಿದ ಕಾರು ಅದು. ಇಡೀ ಬಾಡಿಯನ್ನೇ ಕೊಡುತ್ತಿದ್ದ ಸಂಸ್ಥೆ ಪ್ರತಿಸ್ಪರ್ಧಿಯ ಕೈಸೇರಿದ್ದರಿಂದ ತುಂಡು ತುಂಡಾಗಿ ಮಾಡಿಸಿ ಜೋಡಿಸುವ ಗತಿ ಬಂತು ಟ್ರಯಂಫಿಗೆ. ಅವರ ಕಷ್ಟ ನನಗೆ ವರ. ಬೋಲ್ಟು ಬಿಚ್ಚಿದರೆ ಬಾಡಿ ಟೋಪಿಯ ಹಾಗೆ ಮೇಲೇಳುತ್ತದೆ. ಬೋಲ್ಟು ಬಿಚ್ಚಿದರೆ ಅನ್ನುವುದು ಸುಲಭ. ಐವತ್ತು ವರ್ಷ ಚಳಿಗಾಲದ ರಸ್ತೆಗೆ ಹಾಕುವ ಉಪ್ಪು ಕುಡಿದ ಬೋಲ್ಟುಗಳು ಅವು, ಅರ್ಧಕ್ಕರ್ಧ ಗ್ರೈಂಡರಿಗೆ ಬಲಿಯಾದವು. ಎತ್ತುವ ದಿನ ಕನ್ನಡ ಬಳಗದ ಗೆಳೆಯರು ಐದು ಜನ ಬಂದರು. ಬಿಸಿಬೇಳೆಬಾತಿನ ಆಸೆ ತೋರಿಸಿದ್ದೆ. ಒಬ್ಬರು ಹೃದಯ ತಜ್ಞರು, ಇಬ್ಬರು ಸಾಫ್ಟ್‌ವೇರಿನವರು. ‘ಒಂದು ಎರಡು ಐಸಾ’ ಎಂದು ಎತ್ತಿ ಗಾಲಿಯ ಕಟ್ಟಿನ ಮೇಲಿಟ್ಟೆವು. ಈಗ ಬೆತ್ತಲೆ ಚಾಸಿ ಸೊಂಟದ ಎತ್ತರಕ್ಕೆ ಸ್ಟ್ಯಾಂಡಿನ ಮೇಲಿದೆ, ಲಿಫ್ಟಿನ ಹಂಗಿಲ್ಲ.

ಗೋಡೆ ಕಾಂಕ್ರೀಟ್ ಬ್ಲಾಕಿನದು, ಮಾಡು ಉಕ್ಕಿನ ತಗಡಿನದು. ಅದೂ ನಿಯಮವೇ ಮಾಡಿಸಿದ್ದು. ಒಳಗಿನ ನೆಲ 15 ಚದರ ಮೀಟರಿನೊಳಗಿದ್ದು, ಯಾರೂ ಮಲಗದ ಕಟ್ಟಡವಾದರೆ ಸುರಕ್ಷತೆಗೆಂದು ಇರುವ ಬೇರೆಯೇ ನಿರ್ಮಾಣ ನಿಯಮಗಳ ತಂಟೆಯಿಲ್ಲ. ನನ್ನದು 28. ಹದಿನೈದರಿಂದ ಮೂವತ್ತರ ನಡುವಿನದಾದರೆ ಬೇಲಿಯಿಂದ ಒಂದು ಮೀಟರ್ ದೂರ ಇರಬೇಕು, ಇಲ್ಲವೇ ಬೆಂಕಿ ಹಿಡಿಯದ ಸಾಮಗ್ರಿಯಿಂದ ಕಟ್ಟಬೇಕು. ಕರೆಂಟಿಗೆ ಮಾತ್ರ ವಿನಾಯಿತಿಯಿಲ್ಲ. ಮನೆಯಿಂದ ಹೊಸ ಲೈನು ಎಳೆದರೆ ನೋಂದಾಯಿತ ಎಲೆಕ್ಟ್ರಿಶಿಯನ್ ಪ್ರಮಾಣಪತ್ರ ಬರೆಯಬೇಕು, ಇಲ್ಲವೇ ಕೌನ್ಸಿಲ್ಲಿಗೆ ತಿಳಿಸಿ ತಪಾಸಣೆ ಮಾಡಿಸಬೇಕು. ಮರದ ಕೊಂಬೆಗೆ ಸುತ್ತಿದ ವೈರಿನಿಂದ ವೆಲ್ಡಿಂಗ್ ಮಾಡುತ್ತಿದ್ದ ನಮ್ಮ ಮೇಸ್ತ್ರಿಯನ್ನು ನೆನೆದು ಈ ಒಂದಕ್ಕೆ ನಾನು ಗೊಣಗಲಿಲ್ಲ.

ಟೇಪಿನಲ್ಲಿ ಅಳೆಯಲಾಗದ್ದು ಒಂದೇ ಒಂದು ಷರತ್ತಿದೆ. ಶೆಡ್ಡು ಮನೆಯ ವಾಸಕ್ಕೆ ಪೂರಕವಾದ ಬಳಕೆಗೇ ಇರಬೇಕು. ಹವ್ಯಾಸ ಆಗುತ್ತದೆ, ವ್ಯಾಪಾರ ಆಗುವುದಿಲ್ಲ. ಹವ್ಯಾಸಕ್ಕೂ ಮಿತಿಯುಂಟು. ವೇಲ್ಸಿನ ಹೆಂಗಸೊಬ್ಬರು ಮನೆಯಲ್ಲಿ 44 ನಾಯಿ ಸಾಕಿದ್ದರು, ಮಾರಾಟಕ್ಕಲ್ಲ, ಬರೀ ಪ್ರೀತಿಗೆ. ಇದು ಮನೆಯ ಮಾಮೂಲಿ ಬಳಕೆ ಅಲ್ಲವೆಂದು ಮೇಲ್ಮನವಿ ನ್ಯಾಯಾಲಯದವರೆಗೂ ತೀರ್ಪಾಯಿತು. ಕಟ್ಟಡ ಅನುಮತಿಯ ಕಾನೂನು ಓದುವವರಿಗೆಲ್ಲ ಎದುರಾಗುವ ಮೊಕದ್ದಮೆ ಅದು. ಹಾಗಾಗಿ ನನ್ನ ಒಂದು ಹೆರಾಲ್ಡ್ ಕ್ಷೇಮ. ಗೆಳೆಯನ ಕಾರನ್ನು ದುಡ್ಡು ತೆಗೆದುಕೊಂಡು ರಿಪೇರಿ ಮಾಡಿದೆ, ಆಮೇಲೆ ಅವನ ಗೆಳೆಯನದು ಬಂತು ಅಂದರೆ ಕೌನ್ಸಿಲ್ಲಿನ ಪತ್ರ ಬರಲು ತಡವಿಲ್ಲ.

ಅನುಮಾನಕ್ಕೆ ಎಡೆಯಿರದಿರಲಿ ಎಂದು ಕಟ್ಟುವ ಮೊದಲು ನಾನು ಕೌನ್ಸಿಲ್ಲಿನಿಂದ ‘ಇದು ಕಾನೂನುಬದ್ಧ’ ಎಂಬ ಪ್ರಮಾಣಪತ್ರ ತೆಗೆದುಕೊಂಡೆ. ಕಡ್ಡಾಯವಲ್ಲ. ಆಗ ಶುಲ್ಕ 103 ಪೌಂಡ್, ಮಾಮೂಲಿ ಅರ್ಜಿಯ ಅರ್ಧ. ಮನೆ ಮಾರುವ ದಿನ ವಕೀಲರು ಕೇಳುತ್ತಾರೆ, ಆಗ ಬೇಕಾಗುತ್ತದೆ.

ಇದನ್ನೆಲ್ಲ ಬೆಂಗಳೂರಿನಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಹೇಳಿದರೆ ಅವನು ನಕ್ಕ. ‘ಬೇಡದ ಪರ್ಮಿಷನ್ನಿಗೆ ದುಡ್ಡು ಕೊಟ್ಟು ಕಾಗದ ತಗೊಂಡ್ಯಾ? ಇಲ್ಲಿ ಬೇಕಾದ್ದಕ್ಕೇ ಯಾರೂ ತಗೊಳಲ್ಲ ಮಾರಾಯ.’ ಅವನದು ಮೂವತ್ತು ನಲವತ್ತರ ಸೈಟು. ಮಂಜೂರಾದ ನಕ್ಷೆಯಲ್ಲಿ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಇದೆ. ನೆಲದ ಮೇಲೆ ಆ ಜಾಗದಲ್ಲಿ ಮೆಟ್ಟಿಲು, ಸಂಪಿನ ಮೋಟಾರು, ಶೀಟು ಹೊದಿಸಿದ ಸ್ಕೂಟರ್ ನಿಲ್ದಾಣ. ಶೀಟು ಹಾಕುವಾಗ ಯಾರೋ ಒಬ್ಬರು ಬಂದು, ನೋಡಿ, ಕಾಫಿ ಕುಡಿದು ಹೋದರಂತೆ. ಕಾಫಿಯ ಬೆಲೆ ಎಷ್ಟಾಯಿತೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಣ್ಣ ಕಾನೂನು ಮುರಿಯುವ ಜಾಯಮಾನದವನಲ್ಲ. ತೆರಿಗೆ ಮೊದಲ ತಿಂಗಳೇ ಕಟ್ಟುವವನು. ನಮ್ಮಲ್ಲಿ ಎಲ್ಲದಕ್ಕೂ ಕೇಳಬೇಕು, ಅದಕ್ಕೇ ಯಾರೂ ಯಾವುದಕ್ಕೂ ಕೇಳುವುದಿಲ್ಲ ಎನ್ನುವುದು ನನ್ನ ಅನಿಸಿಕೆ. ಸ್ಕೂಟರಿನ ಮೇಲಿನ ತಗಡಿಗೂ ಮೂರನೆಯ ಮಹಡಿಗೂ ಒಂದೇ ತೂಕ ಕೊಟ್ಟರೆ, ತಗಡು ಹಾಕಿ ತಪ್ಪಿತಸ್ಥನಾದವನಿಗೆ ಮಹಡಿ ಏರಿಸಲು ಏನು ಹೆದರಿಕೆ? ಹೇಗೂ ಒಂದು ದಿನ ಅಕ್ರಮ ಸಕ್ರಮ ಬರುತ್ತದೆ ಅನ್ನುವ ನಂಬಿಕೆ ಬೇರೆ. ಮನೆಗಳಿಗೆ ಅರ್ಧದಷ್ಟು ಉಲ್ಲಂಘನೆಯನ್ನೂ ಮನ್ನಿಸಹೊರಟ ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ನಂಬಿಕೆಗೆ ಯಾವ ಕೋರ್ಟು ತಡೆ ಹಾಕೀತು?

ಇಂಗ್ಲೆಂಡಿನವರೇನು ಸತ್ಯಹರಿಶ್ಚಂದ್ರರಲ್ಲ. ಸರ್ರೆ ಕೌಂಟಿಯ ರೈತನೊಬ್ಬ ಅನುಮತಿಯಿಲ್ಲದೆ ಗೋಪುರಗಳಿರುವ ಕೋಟೆಯಂಥ ಮನೆ ಕಟ್ಟಿ, ಸುತ್ತ ಹುಲ್ಲಿನ ಪಿಂಡಿ ಒಟ್ಟಿ, ಮೇಲೆ ಟಾರ್ಪಾಲು ಹೊದಿಸಿ ನಾಲ್ಕು ವರ್ಷ ಒಳಗೇ ಸಂಸಾರ ಮಾಡಿದ. ನಾಲ್ಕು ವರ್ಷ ಯಾರೂ ತಕರಾರೆತ್ತದಿದ್ದರೆ ಕಟ್ಟಡ ಸಕ್ರಮ ಎಂಬ ನಿಯಮ ಆಗ ಇತ್ತು. 2006ರಲ್ಲಿ ಹುಲ್ಲು ಸರಿಸಿ ‘ಇಗೋ ನನ್ನ ಮನೆ’ ಎಂದ. ಬಚ್ಚಿಟ್ಟ ಕಾಲ ಲೆಕ್ಕಕ್ಕಿಲ್ಲ ಎಂದವು ನ್ಯಾಯಾಲಯಗಳು. 2016ರಲ್ಲಿ ಜೈಲಿನ ಭಯಕ್ಕೆ ಅವನೇ ಕೆಡವಿದ. ಇಂಗ್ಲೆಂಡಿನಲ್ಲಿ ಆ ನಾಲ್ಕು ವರ್ಷದ ಅವಧಿಯನ್ನು 2024ರ ಏಪ್ರಿಲ್‌ನಿಂದ ಹತ್ತಕ್ಕೇರಿಸಿದ್ದಾರೆ. ಅಂದರೆ ಇಲ್ಲಿಯೂ ಸಕ್ರಮ ಉಂಟು, ಅದಕ್ಕೊಂದು ಕ್ಯಾಲೆಂಡರು ಉಂಟು, ಚುನಾವಣೆಯ ನಂಟಿಲ್ಲ ಅಷ್ಟೆ.

ಆದರೆ ನನ್ನ ಮೆಚ್ಚುಗೆ ಒಂದು ಕಡೆ ಬಂದು ನಿಂತುಬಿಡುತ್ತದೆ. ಪರ್ಮಿಟೆಡ್ ಡೆವಲಪ್‌ಮೆಂಟಿನಲ್ಲಿ ಶೆಡ್ಡು ಕಟ್ಟಲು ಪಕ್ಕದ ಮನೆಯವರನ್ನೂ ಕೇಳಬೇಕಾಗಿಲ್ಲ. ಅವರ ಟೊಮೆಟೊ ಗಿಡದ ಬಿಸಿಲಿಗೆ ನನ್ನ ಗೋಡೆ ಅಡ್ಡವಾದರೂ ಕಾನೂನು ನನ್ನ ಕಡೆ. ಗ್ರೈಂಡರಿನ ಸದ್ದೋ ಪೇಂಟಿನ ವಾಸನೆಯೋ ಅತಿಯಾದರೆ 1990ರ ಪರಿಸರ ಕಾಯ್ದೆಯಡಿ ದೂರು ಕೊಡಬಹುದು, ಆದರೆ ಅದು ಜಗಳ ಹತ್ತಿದ ಮೇಲಿನ ಮಾತು. ಹಾಸನದ ಮೇಸ್ತ್ರಿ ಎದುರು ಮನೆಯ ಅಜ್ಜಿ ಮಧ್ಯಾಹ್ನ ಮಲಗುವ ಹೊತ್ತಿಗೆ ಸುತ್ತಿಗೆ ಕೆಳಗಿಡುತ್ತಿದ್ದ. ಯಾವ ಕಾಯ್ದೆಯಲ್ಲಿತ್ತೋ ಅದು. ಅವನ ಎಣ್ಣೆಯೆಲ್ಲ ಚರಂಡಿಗೆ ಹೋಗುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊರದೇಶದಲ್ಲಿ ಕೂತವನ ಹಂಬಲಿಕೆ ಇದು ಎಂದಾರು.

ನಾನಂತೂ ಬ್ಲಾಕು ತರಿಸುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಎಪ್ಪತ್ತು ದಾಟಿದ ಹಿರಿಯರು. ಇಲ್ಲಿನ ರೂಢಿಯಂತೆ ಹೆಸರು ಹಿಡಿದು ಕರೆಯಲು ನನಗೆ ಇನ್ನೂ ನಾಲಗೆ ಏಳುವುದಿಲ್ಲ, ‘ಹಲೋ’ದಲ್ಲೇ ಮುಗಿಸುತ್ತೇನೆ. ನನ್ನ ನಕ್ಷೆ ನೋಡಿ ಅವರು, ‘ನನ್ನನ್ನೇಕೆ ಕೇಳುತ್ತೀರಿ, ಇದಕ್ಕೆ ಅನುಮತಿ ಬೇಡವಲ್ಲ’ ಎಂದರು. ಕಾರು ಯಾವುದು ಎಂದು ಕೇಳಿದವರು ಹೆರಾಲ್ಡ್ ಎಂದಾಗ ಚಹಾಕ್ಕೆ ಒಳಗೆ ಕರೆದರು. ಹದಿನೇಳನೆಯ ವಯಸ್ಸಿಗೆ ಕ್ಯಾನ್ಲಿಯ ಕಾರ್ಖಾನೆ ಸೇರಿ, ಹೆರಾಲ್ಡಿನ ಬಾಗಿಲು ಕೂರಿಸುತ್ತಿದ್ದವರು! ಮಾವನ ಕಾರಿನ ಫೋಟೋ ತೋರಿಸಿದೆ. ನಂಬಲೇ ಇಲ್ಲ. ನಾಲ್ಕು ಬಾಗಿಲಿನ ಹೆರಾಲ್ಡ್ ಅವರು ಕಂಡದ್ದೇ ಇಲ್ಲ. ಬ್ರಿಟನ್ನಿನಲ್ಲಿ ಮಾರಿದ ಹೆರಾಲ್ಡುಗಳಿಗೆಲ್ಲ ಇದ್ದದ್ದು ಎರಡೇ ಬಾಗಿಲು, ನಾಲ್ಕರದ್ದು ನಮ್ಮ ಮದ್ರಾಸಿನ ಸಾಹಸ. ಕನ್ನಡಕ ಹಾಕಿಕೊಂಡು ಹಿಂದಿನ ಬಾಗಿಲಿನ ಸಂದನ್ನೇ ಬಹಳ ಹೊತ್ತು ನೋಡಿ, ‘ಚೆನ್ನಾಗಿ ಕೂರಿಸಿದ್ದಾರೆ’ ಎಂದರು.

ಊರಿನ ಆ ಕಾರು ಗುಜರಿಗೆ ಹೋಗಿ ಕಾಲವಾಯಿತು. ಇದ್ದಿದ್ದರೂ ಭಾರತದ 2021ರ ವಿಂಟೇಜ್ (ಹಳೇ ವಾಹನಗಳ) ನಿಯಮದಂತೆ ಹೊಸದಾಗಿ ನೋಂದಾಯಿಸಲು ಇಪ್ಪತ್ತು ಸಾವಿರ ರೂಪಾಯಿ ಕಟ್ಟಬೇಕಿತ್ತು, ದಿನಾ ಓಡಿಸುವಂತೆಯೂ ಇರಲಿಲ್ಲ. ಇಲ್ಲಿ ನಲವತ್ತು ದಾಟಿದ ಕಾರಿಗೆ ರಸ್ತೆ ತೆರಿಗೆಯಿಲ್ಲ, ವರ್ಷದ ತಪಾಸಣೆಯೂ ಕಡ್ಡಾಯವಲ್ಲ. ತಪಾಸಣೆಯಿಲ್ಲದ್ದು ನನಗೆ ಸ್ವಲ್ಪ ಅತಿಯೆನಿಸುತ್ತದೆ, ನನ್ನ ವೆಲ್ಡಿಂಗ್ ನೋಡಿದವರಿಗೂ ಹಾಗೇ ಅನಿಸೀತು.

ಹೋದ ಆಯುಧಪೂಜೆಗೆ ಫೋಲ್ಸ್‌ಹಿಲ್ ರಸ್ತೆಯ ಅಂಗಡಿಯಿಂದ ಬೂದುಗುಂಬಳಕಾಯಿ ತಂದೆ. ಚಾಸಿಗೆ, ವೆಲ್ಡಿಂಗ್ ಯಂತ್ರಕ್ಕೆ, ಸ್ಪ್ಯಾನರುಗಳಿಗೆ ಕುಂಕುಮ ಇಟ್ಟಾಯಿತು. ಗಲ್ಲಿಯಲ್ಲಿ ಕಾಯಿ ಒಡೆಯಲು ಎತ್ತಿದಾಗ ಬೇಲಿಯ ಆಚೆಯಿಂದ ಪಕ್ಕದ ಮನೆಯ ಹಿರಿಯರು ಇಣುಕಿ, ‘ಇದಕ್ಕೆ ಅನುಮತಿ ಬೇಕೋ?’ ಎಂದರು. ಕಾಯಿಯನ್ನು ಅವರ ಕೈಗೇ ಕೊಟ್ಟೆ. ಬೀಜಗಳನ್ನು ಗುಡಿಸಿ ತೆಗೆಯುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಚಾಸಿಯ ಎಡಗಡೆಯ ಎರಡು ತೋಳು ಇನ್ನೂ ತುಕ್ಕು ಹಿಡಿದೇ ಇವೆ, ಮಳೆ ನಿಂತ ಮೇಲೆ ಕತ್ತರಿಸಬೇಕು.